ಐವತ್ತೆರಡನೆಯ ಮನೆ

ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಕೋಣೆಗೆ ಅವಳು ಬಂದು ಹನ್ನೊಂದು ವರ್ಷವಾಗಿತ್ತು. ವಾರ್ಡುಗಳಿಂದ ಇಳಿದು ಬರುವ ಹಾಸಿಗೆಯ ಶೀಟು, ದಿಂಬಿನ ಚೀಲ, ಆಪರೇಷನ್ ಗೌನುಗಳನ್ನು ಎಣಿಸಿ ಒಗೆಯಲು ಕಳಿಸುವುದು, ಒಗೆದು ಬಂದದ್ದನ್ನು ಮತ್ತೆ ಎಣಿಸಿ ಮೇಲಕ್ಕೆ ಕಳಿಸುವುದು ಅವಳ ಕೆಲಸ. ಆ ಎಣಿಕೆಯನ್ನು ಕಂಪ್ಯೂಟರಿನ ಶೀಟಿನಲ್ಲಿ ತುಂಬುವವಳೂ ಅವಳೇ. ಹಾಸುವ ಶೀಟೂ ಅವಳ ಕೈಯಲ್ಲಿ, ಬರೆಯುವ ಶೀಟೂ ಅವಳ ಕೈಯಲ್ಲಿ. ಯಾರೋ ಒಮ್ಮೆ ತಮಾಷೆಗೆ ಶೀಟಕ್ಕ ಎಂದರು, ಅದೇ ಅಂಟಿಕೊಂಡಿತು.

ಕಂಪ್ಯೂಟರ್ ಕಲಿಸಿದ ಹಳೆಯ ಗುಮಾಸ್ತರು ಪರದೆಯ ಮೇಲಿನ ಚೌಕಗಳನ್ನು ತೋರಿಸಿ, "ಇವೆಲ್ಲ ಮನೆಗಳು ಅಂದ್ಕೊಳಮ್ಮ. ಒಂದು ಮನೇಲಿ ಒಂದೇ ಅಂಕಿ ಇರ್ಬೇಕು, ಇಬ್ಬರನ್ನ ಕೂರಿಸಿದ್ರೆ ಜಗಳ" ಎಂದಿದ್ದರು. ತಾರೀಖು, ವಾರ್ಡು, ಹೋದದ್ದು, ಬಂದದ್ದು, ಹರಿದದ್ದು ಎಂದು ತಲೆಬರಹವಿದ್ದ ಮನೆಗಳು ಒಂದು ಸಾಲಿಗೆ ಹದಿನಾಲ್ಕು. ಹದಿನಾಲ್ಕರಾಚೆಗೂ ಮನೆಗಳಿವೆ, ಬಲಕ್ಕೆ ಹೋದಷ್ಟೂ ಖಾಲಿ ಮನೆಗಳೇ ಎಂಬುದನ್ನು ಅವಳು ತಾನಾಗಿ ಕಂಡುಕೊಂಡಳು.

ಅಮ್ಮ ಐದನೆಯ ವಾರ್ಡಿನಲ್ಲಿ ತೀರಿಕೊಂಡು, ಶೀಟಕ್ಕ ರಜೆ ಮುಗಿಸಿ ಕೆಲಸಕ್ಕೆ ಬಂದ ದಿನ, ಒಗೆದ ಬಟ್ಟೆಯ ಗಂಟುಗಳು ಕಾದಿದ್ದವು. ಐದನೆಯ ವಾರ್ಡಿನದು ಹದಿನೆಂಟು ಶೀಟು. ಹದಿನೆಂಟು ಎಂದು ತುಂಬಿ ಮುಂದಿನ ಸಾಲಿಗೆ ಹೋಗಬೇಕಿತ್ತು. ಬೆರಳು ಹೋಗಲಿಲ್ಲ. ಷರಾ ಎಂಬ ಮನೆಯೊಂದಿತ್ತು ನಿಜ, ಆದರೆ ಅಲ್ಲಿ 'ಕಲೆ ಇದೆ', 'ಅಂಚು ಹರಿದಿದೆ' ಎಂದು ಬರೆಯಬೇಕು, ಅದನ್ನು ಆಡಳಿತದ ಸಾಹೇಬರು ಓದುತ್ತಾರೆ. ಅವಳು ಬಲಬಾಣದ ಗುಂಡಿಯನ್ನು ಒತ್ತುತ್ತ ಹೋದಳು. ಯಾವ ತಲೆಬರಹವೂ ಕಾಣದಷ್ಟು ದೂರ, ಐವತ್ತೆರಡನೆಯ ಮನೆಯಲ್ಲಿ ನಿಂತು ಬರೆದಳು: 'ಇವತ್ತಿನ ಹದಿನೆಂಟರಲ್ಲಿ ಒಂದು ಅಮ್ಮನದು.' ಮತ್ತೆ ಎಡಕ್ಕೆ ಬಂದು ಆರನೆಯ ವಾರ್ಡನ್ನು ಎಣಿಸಿದಳು.

ಅದಾಗಿ ಒಂಬತ್ತು ವರ್ಷ. ದಿನಕ್ಕೊಂದು ವಾಕ್ಯ, ಅದೂ ಬೆಳಗಿನ ಎಣಿಕೆ ಮುಗಿದ ಮೇಲೆ. ಮನೆ ಸಣ್ಣದು, ವಾಕ್ಯವೂ ಸಣ್ಣದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಅವಳಿಗೇನೂ ಹೊಸದಲ್ಲ. ಯಾರಾದರೂ ಬಾಗಿಲಲ್ಲಿ ನಿಂತರೆ ಎಡತುದಿಗೆ ಜಿಗಿಯುವ ಒಂದು ಗುಂಡಿ ಸಾಕು, ಪರದೆಯ ತುಂಬ ಶೀಟು ಮತ್ತು ದಿಂಬಿನ ಚೀಲ. ಮನೆಯಲ್ಲೂ ಒಂದು ಕಂಪ್ಯೂಟರಿತ್ತು, ಆದರೆ ಅದು ನಡುಮನೆಯಲ್ಲಿ, ಎಲ್ಲರ ಕಣ್ಣ ಮುಂದೆ. ಅಲ್ಲಿ ಕೂತು ಬರೆಯಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಈಗ ಸುತ್ತೋಲೆ ಬಂದಿತ್ತು. ಆಸ್ಪತ್ರೆಯ ಸಾಮಾನಿನ ಎಣಿಕೆಯೆಲ್ಲ ಹೊಸ ಸಾಫ್ಟ್‌ವೇರಿಗೆ ಹೋಗುತ್ತದೆ. ಹಳೆಯ ಶೀಟುಗಳಲ್ಲಿ ತಲೆಬರಹ ಇರುವ ಹದಿನಾಲ್ಕು ಕಾಲಂಗಳನ್ನಷ್ಟೇ ಅದು ಎತ್ತಿಕೊಳ್ಳುತ್ತದೆ. ಶುಕ್ರವಾರದ ನಂತರ ಹಳೆಯ ಕಡತಗಳನ್ನು ಅಳಿಸಲಾಗುತ್ತದೆ. ಪೆನ್ ಡ್ರೈವ್ ಚುಚ್ಚುವಂತಿಲ್ಲ, ಕಡತ ಹೊರಗೆ ಕಳಿಸುವಂತಿಲ್ಲ ಎಂಬ ನಿಯಮ ಮೊದಲಿನಿಂದಲೂ ಇತ್ತು.

ಸೋಮವಾರ ಅವಳು ನೋಟ್‌ಬುಕ್ಕೊಂದನ್ನು ತಂದು ಊಟದ ಬಿಡುವಿನಲ್ಲಿ ನಕಲು ಮಾಡತೊಡಗಿದಳು. ಎರಡು ಸಾವಿರದ ಏಳುನೂರಕ್ಕೂ ಹೆಚ್ಚು ವಾಕ್ಯ. ಬುಧವಾರ ಸಂಜೆಗೆ ನಾನೂರು ದಾಟಿತ್ತು, ಹೆಬ್ಬೆರಳು ಬಾತುಕೊಂಡಿತ್ತು.

ಅದೇ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂರುವ ಸೂಜಿ ಚಿಕ್ಕಮ್ಮ, ಹರಿದ ಶೀಟುಗಳನ್ನು ಹೊಲಿಯುವವರು, ಕನ್ನಡಕದ ಮೇಲಿಂದ ನೋಡಿದರು.

"ಏನೇ ಅದು, ಪರೀಕ್ಷೆ ಕಟ್ಟಿದ್ದೀಯಾ?"

"ಹಳೇ ಲೆಕ್ಕ ಚಿಕ್ಕಮ್ಮ. ಬರ್ಕೊಂಡ್ರೆ ಒಳ್ಳೇದು ಅಂತ."

"ಹೂಂ. ಲೆಕ್ಕ ಬರ್ಕೊಳ್ಳೋರು ನಡುನಡುವೆ ನಗಲ್ಲ ಕಣೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವಳು ತಾನಾಗಬಾರದೆಂದು ಶೀಟಕ್ಕ ಪುಟ ತಿರುಗಿಸಿದಳು.

ಹೊಸ ಸಾಫ್ಟ್‌ವೇರ್ ಕೂರಿಸಲು ಬಂದ ಹೆಂಗಸು ಮೇಲಿನ ಮಹಡಿಗಳಲ್ಲಿ ಆಗಲೇ ಹೆಸರು ಮಾಡಿದ್ದಳು. ವಯಸ್ಸು ಮೂವತ್ತರ ಆಸುಪಾಸು, ಹೆಗಲಲ್ಲಿ ತನಗಿಂತ ಭಾರದ ಚೀಲ. ಬಂದದ್ದು ಎಣಿಕೆಯ ಕೆಲಸಕ್ಕೆ, ಆದರೆ ಹೋದ ಕಡೆಯೆಲ್ಲ "ನಿಮಗೆ ಕಂಪ್ಯೂಟರಲ್ಲಿ ಏನು ತೊಂದ್ರೆ?" ಎಂದು ಕೇಳಿ, ಒಂದು ಚೀಟಿಯಲ್ಲಿ ಬೇಕಾದ ಸಾಫ್ಟ್‌ವೇರಿನ ಹೆಸರು ಬರೆದುಕೊಡುತ್ತಿದ್ದಳು, ಹೆಚ್ಚಿನವು ಪುಕ್ಕಟೆ ಸಿಗುವಂಥವು. ಅಡುಗೆ ವಿಭಾಗದವರಿಗೆ ವಾರದ ಪಟ್ಟಿ ತಾನೇ ನೆನಪಿಸುವ ಕ್ಯಾಲೆಂಡರು. ಹುಟ್ಟುಹಬ್ಬದ ಚೀಟಿಗಳಿಗೆ ಹೂ ಬಿಡಿಸುವ ಎಕ್ಸ್‌ರೇ ಅಣ್ಣನಿಗೆ ಚಿತ್ರ ಬರೆಯುವುದೊಂದು. ಬೆರಳು ನೋವೆಂದ ಫಿಸಿಯೋ ಅಕ್ಕನಿಗೆ, ಬಾಯಲ್ಲಿ ಹೇಳಿದ್ದನ್ನು ಟೈಪು ಮಾಡುವುದೊಂದು. ಪಾಸ್‌ವರ್ಡನ್ನು ಕೀಲಿಮಣೆಯ ಅಡಿಗೆ ಅಂಟಿಸಿಟ್ಟ ಗುಮಾಸ್ತನಿಗೆ, ಅದನ್ನೆಲ್ಲ ಬೀಗ ಹಾಕಿ ಇಡುವುದೊಂದು. ಗುಮಾಸ್ತ ಚೀಟಿ ತೆಗೆದುಕೊಂಡು, "ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ?" ಎಂದನಂತೆ.

ಗುರುವಾರ ಬೆಳಿಗ್ಗೆ, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ, ಈ ಸಾಫ್ಟ್‌ವೇರ್ ಮೇಡಂ ನೆಲಮಾಳಿಗೆಗೆ ಇಳಿದು ಬಂದಳು.

"ಬೇರೆ ಕಡೆ ಬೇಗ ಮುಗೀತು ಅಕ್ಕ. ನಿಮ್ಮದು ಅಚ್ಚುಕಟ್ಟು ಅಂತ ಎಲ್ಲರೂ ಹೇಳಿದ್ರು, ಅದಕ್ಕೇ ಕೊನೇಗೆ ಇಟ್ಕೊಂಡಿದ್ದೆ."

ಶೀಟಕ್ಕ ಕುರ್ಚಿ ಬಿಟ್ಟುಕೊಟ್ಟಳು.

"ನಂಗೂ ಒಂದು ಚೀಟಿ ಬರ್ಕೊಡಮ್ಮ" ಎಂದರು ಸೂಜಿ ಚಿಕ್ಕಮ್ಮ. "ಸೂಜಿಗೆ ದಾರ ಪೋಣಿಸೋ ಸಾಫ್ಟ್‌ವೇರ್ ಇದ್ರೆ."

"ಅದೊಂದು ಇನ್ನೂ ಬಂದಿಲ್ಲ ಅಮ್ಮ. ಬಂದ ದಿನ ಮೊದಲು ನಿಮಗೇ ಹೇಳ್ತೀನಿ." ಅವಳು ನಗುತ್ತಲೇ ಶೀಟಕ್ಕನ ಕಡೆ ತಿರುಗಿದಳು. "ನಿಮಗೆ ಏನು ಬೇಕು ಅಕ್ಕ? ಎಣಿಕೆ ಬಿಟ್ಟು, ನಿಮಗೇ ಅಂತ?"

"ನನಗೇನು ಮೇಡಂ. ಶೀಟು ಎಣಿಸೋಳು ನಾನು."

"ಸರಿ. ನಿಮ್ಮ ಶೀಟು ಎಷ್ಟು ಉದ್ದ ಇದೆ ನೋಡಣ."

ಮೇಡಂನ ಎಡಗೈಯ ಒಂದು ಬೆರಳು, ಬಲಗೈಯ ಒಂದು ಬೆರಳು ಗುಂಡಿಗಳ ಮೇಲೆ ಒಟ್ಟಿಗೆ ಇಳಿದವು. ಒಂಬತ್ತು ವರ್ಷ ಶೀಟಕ್ಕ ಒಂದೊಂದೇ ಮನೆ ದಾಟಿ ಹೋಗುತ್ತಿದ್ದ ದಾರಿಯನ್ನು ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿತು. ಕಡತದ ಕಟ್ಟಕಡೆಯ ಮನೆ. ಸುತ್ತಲೂ ಬಿಳಿ, ನಡುವೆ ನಿನ್ನೆಯ ವಾಕ್ಯ: 'ಇವತ್ತು ಹೆರಿಗೆ ವಾರ್ಡಿನ ಶೀಟಿನೊಳಗೆ ಸುತ್ತಿಕೊಂಡು ಒಂದೇ ಒಂದು ಪುಟ್ಟ ಕಾಲುಚೀಲ ಬಂತು.'

ಅದರ ಮೇಲೆ ಮೊನ್ನೆಯದು. ಅದರ ಮೇಲೆ ಆಚೆ ಮೊನ್ನೆಯದು.

ಮೇಡಂ ಓದಿದಳು. ಎಷ್ಟು ಓದಿದಳೋ, ಅವಳ ಮುಖದಿಂದ ಗೊತ್ತಾಗಲಿಲ್ಲ. ಮೆಲ್ಲನೆ ಕೇಳಿದಳು: "ಇದಕ್ಕೆ ತಲೆಬರಹ ಇಲ್ಲ. ಹೊಸದು ಇದನ್ನ ತಗೊಳ್ಳಲ್ಲ. ಕೆಲವು ಸಲ ಎಲ್ಲಿಂದಲೋ ಬಂದು ಅಂಟಿಕೊಂಡಿರುತ್ತೆ. ಕಸ ಅಂತ ತೆಗೆದುಬಿಡ್ಲಾ ಅಕ್ಕ?"

ಅದು ಒಂದು ದಾರಿ ಎಂದು ಶೀಟಕ್ಕನಿಗೆ ಅರ್ಥವಾಯಿತು. ಹೂಂ ಎಂದರೆ ಸಾಕು. ಯಾರಿಗೂ ಏನೂ ಗೊತ್ತಾಗುವುದಿಲ್ಲ, ಗೊತ್ತಾದವಳೂ ಮರೆತಂತೆ ಇರುತ್ತಾಳೆ. ಹೂಂ ಎನ್ನುವುದು ಅವಳಿಗೆ ಅಷ್ಟೇನೂ ಕಷ್ಟದ ಮಾತಲ್ಲ. ಬದುಕಿನಲ್ಲಿ ಹೆಚ್ಚು ಸಲ ಆಡಿದ ಮಾತೇ ಅದು. ಹೊಲಿಗೆ ಯಂತ್ರದ ಸದ್ದು ನಿಂತಿತ್ತು.

"ಕಸ ಅಲ್ಲ ಮೇಡಂ" ಎಂದಳು. ದನಿ ತನ್ನದಲ್ಲವೇನೋ ಎನ್ನುವಷ್ಟು ಸಣ್ಣಗಿತ್ತು. "ಅದು ನಂದು."

"ಅಬ್ಬ, ಅಂತೂ ಹೇಳಿದ್ಯಲ್ಲ" ಎಂದರು ಚಿಕ್ಕಮ್ಮ ಕಿಟಕಿಯ ಕಡೆಯಿಂದ. "ಅಂಕಿ ಹೊಡೆಯೋ ಸದ್ದೇ ಬೇರೆ, ನೀನು ದಿನಾ ಬೆಳಿಗ್ಗೆ ಐವತ್ತು ಸಲ ಟಕಟಕ ಅನ್ನಿಸೋದೇ ಬೇರೆ. ಎಲ್ಲಿಗೆ ಹೋಗ್ತಾಳಪ್ಪ ಇವಳು ಅಂದ್ಕೊತಿದ್ದೆ."

"ಕೇಳ್ಬಾರ್ದಿತ್ತಾ ಚಿಕ್ಕಮ್ಮ?"

"ಕೇಳಿದ್ರೆ ನೀನು ಹೋಗೋದು ನಿಲ್ಲಿಸ್ತಿದ್ದೆ."

ಮೇಡಂ ಕೈ ಕಟ್ಟಿ ಕೂತಳು. "ಅಕ್ಕ, ಎಣಿಕೆ ಆಸ್ಪತ್ರೆದು. ಈ ವಾಕ್ಯಗಳನ್ನ ಬೇರೆ ಮಾಡಿ ಕೊಡೋದು ನನಗೆ ಎರಡು ನಿಮಿಷದ ಕೆಲಸ. ಆದ್ರೆ ಕಡತದಿಂದ ಏನೇ ಹೊರಗೆ ಹೋಗ್ಬೇಕಾದ್ರೂ ಸಾಹೇಬರ ಸಹಿ ಬೇಕು. ನಾನು ಬಂದು ಹೇಳ್ಲಾ?"

"ಬೇಡ. ನಾನೇ ಹೋಗ್ತೀನಿ."

ಮೂರು ಮಹಡಿ ಹತ್ತುವಾಗ ಅವಳು ಏನೇನೋ ಮಾತು ಜೋಡಿಸಿಕೊಂಡಳು. ಸಾಹೇಬರ ಮೇಜಿನ ಮುಂದೆ ನಿಂತಾಗ ಒಂದೂ ಉಳಿದಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸಾಹೇಬರು ಕೆಟ್ಟವರಲ್ಲ, ಆದರೆ ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಂಬಿದವರು. ಕಡತವನ್ನು ತಮ್ಮ ಪರದೆಯಲ್ಲಿ ತೆರೆದು ಬಹಳ ಹೊತ್ತು ನೋಡಿದರು.

"ಆಫೀಸಿನ ಹೊತ್ತಲ್ಲಿ ಬರೆದಿದ್ದಾ?"

"ದಿನಕ್ಕೆ ಒಂದು ವಾಕ್ಯ ಸರ್. ಎಣಿಕೆ ಎಲ್ಲಾದ್ರೂ ತಪ್ಪಿದ್ರೆ ತೋರಿಸಿ."

ತಪ್ಪಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. "ರೋಗಿಗಳ ಹೆಸರು ಹಾಕಿದ್ದೀಯಾ? ಅದಾದ್ರೆ ನಾನು ಬಿಡೋ ಹಾಗಿಲ್ಲ."

"ಯಾರ ಹೆಸರೂ ಇಲ್ಲ ಸರ್. ನನ್ನ ಹತ್ತಿರ ಬರೋದು ಶೀಟು. ಅದಕ್ಕೆ ಹೆಸರಿರಲ್ಲ."

ಅವರು ಇನ್ನೊಂದಿಷ್ಟು ಮೇಲಕ್ಕೆ ಕೆಳಕ್ಕೆ ಓಡಿಸಿದರು. ಆಮೇಲೆ, ಬೇರೇನನ್ನೋ ಹುಡುಕುತ್ತಿರುವವರ ಹಾಗೆ ಕೇಳಿದರು: "ನನ್ನ ವಿಷಯ ಏನಾದ್ರೂ ಬಂದಿದೆಯಾ?"

"ಎರಡು ಸಲ ಬಂದಿದ್ದೀರಿ ಸರ್."

"ಒಳ್ಳೇದಾ?"

"ಒಂದು ಸಲ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. "ವಾಕ್ಯ ತಗೊಂಡು ಹೋಗು. ಒಂದು ಅಂಕಿ ಕೂಡ ಹೊರಗೆ ಹೋಗ್ಬಾರ್ದು" ಎಂದು ಚೀಟಿಗೆ ಸಹಿ ಹಾಕಿದರು.

ಅವಳು ಕೆಳಗೆ ಬರುವ ಹೊತ್ತಿಗೆ ಸೂಜಿ ಚಿಕ್ಕಮ್ಮ ಮೇಡಂಗೆ ಕಾಜಾ ಹೊಲಿಯುವುದನ್ನು ತೋರಿಸುತ್ತಿದ್ದರು. ಚೀಟಿ ನೋಡಿ ಮೇಡಂ ಕೆಲಸಕ್ಕೆ ಕೂತಳು. ಐವತ್ತೆರಡನೆಯ ಕಾಲಂ ಪೂರ್ತಿ ಒಂದೇ ಸಲಕ್ಕೆ ನೀಲಿಯಾಯಿತು, ಎದ್ದು ಬಂತು.

"ಈಗ ಇದನ್ನ ಎಲ್ಲಿ ಇಡೋದು ಹೇಳಿ. ಬರೆಯೋರಿಗೆ ಅಂತಲೇ ಸಾಫ್ಟ್‌ವೇರ್‌ಗಳಿವೆ. ಇದು ನೋಡಿ, ಬರೀ ಬಿಳಿ ಹಾಳೆ, ಬೇರೆ ಏನೂ ಕಾಣಲ್ಲ, ಗಮನ ಎಲ್ಲೂ ಹೋಗಲ್ಲ. ಇನ್ನೊಂದಿದೆ, ಅಧ್ಯಾಯ ಅಧ್ಯಾಯ ಮಾಡಿ ಇಟ್ಕೊಬಹುದು."

ಬಿಳಿ ಹಾಳೆಯಲ್ಲಿ ವಾಕ್ಯಗಳೆಲ್ಲ ಒಂದರ ಬೆನ್ನಿಗೊಂದು ಬಿದ್ದಿದ್ದವು. ಶೀಟಕ್ಕ ನೋಡಿದಳು. ಯಾವ ದಿನ ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಒಂದೂ ತಿಳಿಯಲಿಲ್ಲ. ಕೆಳಗೆ ಉಳಿದ ಖಾಲಿ ಜಾಗದಲ್ಲಿ ಒಂದು ಗೆರೆ ಮಿನುಗುತ್ತ, ಹೇಳು, ಹೇಳು ಎಂದು ಅವಸರ ಮಾಡುತ್ತಿತ್ತು.

"ಬೇಡ ಮೇಡಂ. ಎಲ್ಲ ವಾರ್ಡಿನದೂ ಒಂದೇ ಗಂಟು ಕಟ್ಟಿದ ಹಾಗಾಯ್ತು. ನಂಗೆ ಮನೆಗಳೇ ಇರ್ಲಿ."

ಮೇಡಂ ವಾದ ಮಾಡಲಿಲ್ಲ. ಯಾವುದು ಒಳ್ಳೆಯದೆಂದು ಕೇಳಿದವರಿಗೆಲ್ಲ ಹೊಸದನ್ನೇ ಹೇಳಬೇಕೆಂದೇನೂ ಇಲ್ಲ ಎಂದಳು. ಆಫೀಸಿನ ಶೀಟಿನಂಥದ್ದೇ, ಪುಕ್ಕಟೆ ಸಿಗುವ ಒಂದರ ಹೆಸರು ಬರೆದುಕೊಟ್ಟಳು. ಮನೆಯನ್ನು ಅಗಲ ಮಾಡುವುದು ಹೇಗೆ, ಒಂದು ಮಾತನ್ನು ಎಲ್ಲ ಕಡೆಯಿಂದ ಒಟ್ಟಿಗೆ ಹುಡುಕಿ ತೆಗೆಯುವುದು ಹೇಗೆ, ತೆಗೆದದ್ದು ತಪ್ಪೆನಿಸಿದರೆ ಮರಳಿ ತರುವುದು ಹೇಗೆ ಎಂದು ಚೀಟಿಯ ಹಿಂಬದಿಯಲ್ಲಿ ಗುರುತು ಹಾಕಿದಳು. ಸಾಹೇಬರ ಸಹಿಯ ಬಲದ ಮೇಲೆ ವಾಕ್ಯಗಳನ್ನಷ್ಟೇ ಒಂದು ಪೆನ್ ಡ್ರೈವಿಗೆ ಹಾಕಿ ಕೈಗಿಟ್ಟಳು. ಎಣಿಕೆ ತುಂಬಿದ ಹದಿನಾಲ್ಕು ಕಾಲಂಗಳು ಹೊಸ ಯಂತ್ರದೊಳಕ್ಕೆ ಹೋದವು. ಒಂಬತ್ತು ವರ್ಷ ಪಕ್ಕದಲ್ಲಿ ನಡೆದು ಬಂದ ಅಂಕಿಗಳು. ಶೀಟಕ್ಕನಿಗೆ ಒಂದು ಗಳಿಗೆ, ಜೊತೆಗಾತಿಯನ್ನು ಬಸ್ಸಿಗೆ ಹತ್ತಿಸಿದಂತೆನಿಸಿತು.

ಆ ಸಂಜೆ ಗಂಡ ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಇಸ್ಪೀಟು ಆಡುತ್ತ ಕೂತಿದ್ದ.

"ಸ್ವಲ್ಪ ಏಳ್ತೀರಾ? ನಂಗೆ ಬೇಕು."

ಅವನು ತಿರುಗಿ ನೋಡಿದ. ಮದುವೆಯಾದ ಹದಿನಾರು ವರ್ಷದಲ್ಲಿ ಈ ಕುರ್ಚಿಯನ್ನು ಅವಳು ಕೇಳಿದ್ದಿಲ್ಲ. "ಯಾಕೆ, ಆಫೀಸಿನ ಕೆಲಸ ಮನೆಗೆ ತಂದ್ಯಾ?"

"ಇಲ್ಲ. ನನ್ನ ಕೆಲಸ. ಬರೆಯೋದಿದೆ."

"ಏನು ಬರೀತೀಯಾ?"

"ಆಮೇಲೆ ಹೇಳ್ತೀನಿ. ಹೇಳಲ್ಲ ಅಂತಲ್ಲ, ಆಮೇಲೆ."

ಅವನು ಗೆಲ್ಲುತ್ತಿದ್ದ ಆಟವನ್ನೊಮ್ಮೆ ನೋಡಿ, ಎದ್ದು, "ಅನ್ನಕ್ಕೆ ಇಡ್ತೀನಿ ಹಾಗಾದ್ರೆ" ಎಂದು ಒಳಗೆ ಹೋದ. ಎಷ್ಟು ಲೋಟ ಎಂದು ಅಲ್ಲಿಂದಲೇ ಕೂಗಿ ಕೇಳಿದ. ಎರಡು ಎಂದಳು.

ಚೀಟಿಯಲ್ಲಿದ್ದಂತೆ ಎಲ್ಲ ಮಾಡಿದಳು. ವಾಕ್ಯಗಳು ಒಂದರ ಕೆಳಗೊಂದು ತಮ್ಮ ತಮ್ಮ ಮನೆಗಳಲ್ಲಿ ಬಂದು ಕೂತವು, ಈಗ ಎಡತುದಿಯಲ್ಲೇ, ಯಾವ ಮರೆಯೂ ಇಲ್ಲದೆ. ಮೊದಲ ಬಾರಿಗೆ ಅವಳು ಅವನ್ನು ಸಾಲಾಗಿ ಓದಿದಳು. ಇವತ್ತು, ಇವತ್ತು, ಇವತ್ತು. ಮುಕ್ಕಾಲು ಪಾಲು ವಾಕ್ಯಗಳು ಅದೇ ಮಾತಿನಿಂದ ಶುರುವಾಗಿದ್ದವು. ದಿನಕ್ಕೊಂದು ಬರೆಯುವಾಗ ಕಾಣದ ದೋಷ. ನಾಚಿಕೆಯಾಯಿತು, ನಗುವೂ ಬಂತು.

ಎಲ್ಲ ಕಡೆಯಿಂದ ಒಟ್ಟಿಗೆ ತೆಗೆದಳು. ಎರಡು ಸಾವಿರ 'ಇವತ್ತು'ಗಳು ಒಂದು ಉಸಿರಿಗೆ ಹೋದವು. ಓದಿದಳು. ಕೆಲವು ವಾಕ್ಯಗಳು ನೆಟ್ಟಗಾಗಿದ್ದವು, ಕೆಲವು ಕುಂಟುತ್ತಿದ್ದವು, ಕೆಲವಕ್ಕೆ ಮೈಮೇಲಿನ ಹೊದಿಕೆ ಎಳೆದಂತಾಗಿತ್ತು. ಹಿಂಬದಿಯ ಗುರುತು ನೋಡಿ ಎಲ್ಲವನ್ನೂ ಮರಳಿ ತಂದಳು. ಆಮೇಲೆ ಮೊದಲ ಮನೆಯಿಂದ ಶುರು ಮಾಡಿದಳು, ಒಂದೊಂದನ್ನೇ ಮನಸ್ಸಿನಲ್ಲಿ ಓದಿಕೊಂಡು, ಇರಬೇಕೋ ಬೇಡವೋ ಎಂದು ಕೇಳುತ್ತ.

ಅವನು ಊಟಕ್ಕೆ ಕರೆಯುವ ಹೊತ್ತಿಗೆ ಹದಿನಾಲ್ಕು ವಾಕ್ಯ ಮುಗಿದಿತ್ತು. ಐದು 'ಇವತ್ತು' ಉಳಿದುಕೊಂಡಿದ್ದವು.

"ಬಂದೆ, ಇನ್ನೊಂದು" ಎಂದಳು.