ಹರಿಹರದಲ್ಲಿ ಅಡವಿಟ್ಟ ಬಿಲ್ಲು

ನಮ್ಮ ಅಜ್ಜಿ ಶಹಜಾದಿಯ ಲೆಕ್ಕದಲ್ಲಿ ಅರಬರ ನಾಡು ದಾವಣಗೆರೆಯಿಂದ ಬಹಳ ದೂರವೇನಲ್ಲ. ಆಕೆ ಕಥೆ ಶುರು ಮಾಡಿದರೆ ಸಾಕು, ಮಂಡಿಪೇಟೆಯ ನಮ್ಮ ಗಾದಿ ಅಂಗಡಿಯ ಹಿಂಬಾಗಿಲ ಆಚೆಯೇ ಮರಳುಗಾಡು ಬಂದು ನಿಲ್ಲುತ್ತಿತ್ತು. ಆ ಮರಳುಗಾಡಿನಲ್ಲಿ ನನಗೆ ಎಲ್ಲರಿಗಿಂತ ಬಳಕೆಯವರು ತಮೀಮರು. ತಮೀಮ್ ಎಂಬುದು ಮೊದಲು ಒಬ್ಬ ಮೂಲಪುರುಷನ ಹೆಸರು, ಆಮೇಲೆ ಅವನ ಇಡೀ ಕುಲದ ಹೆಸರು. ಮದೀನೆಯ ಮಸೀದಿಯಲ್ಲಿ ಮೊದಲು ಎಣ್ಣೆದೀಪ ಹಚ್ಚಿದರೆಂದು ಹೇಳುವ ಹಿರಿಯರೂ ತಮೀಮ್, ಈಜಿಪ್ಟಿನ ಅರಮನೆಯಲ್ಲಿ ಕುಳಿತು ಕವಿತೆ ಕಟ್ಟಿದ ರಾಜಕುಮಾರನೂ ತಮೀಮ್. ಎಲ್ಲರ ಕಥೆಯೂ ಅಜ್ಜಿಗೆ ಬರುತ್ತಿತ್ತು. ಆದರೆ ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ ಹೇಳುತ್ತಿದ್ದದ್ದು ಬಿಲ್ಲಿನ ಕಥೆಯೊಂದನ್ನೇ.

ಬರ ಬಿದ್ದ ಕಾಲದಲ್ಲಿ ತಮೀಮರ ಯಜಮಾನ ಪರ್ಷಿಯಾದ ಬಾದಶಹನ ಬಳಿಗೆ ಹೋದನಂತೆ. ನಮ್ಮ ಒಂಟೆ ಕುರಿಗಳನ್ನು ನಿಮ್ಮ ಸೀಮೆಯಲ್ಲಿ ಮೇಯಲು ಬಿಡಿ, ನಿಮ್ಮ ರೈತರ ತಂಟೆಗೆ ಹೋಗುವುದಿಲ್ಲ ಎಂದನಂತೆ. ಆ ಮಾತಿಗೆ ಏನು ಅಡ ಇಡುತ್ತೀ ಎಂದು ಬಾದಶಹ ಕೇಳಿದಾಗ, ಯಜಮಾನ ಹೆಗಲ ಮೇಲಿನ ಬಿಲ್ಲು ಇಳಿಸಿ ಅವನ ಮುಂದಿಟ್ಟ. ದರ್ಬಾರೆಲ್ಲ ನಕ್ಕಿತು. ಒಂದು ಕೋಲು, ಒಂದು ನರದ ದಾರ, ಅದೂ ಒಂದು ಅಡವೇ? ಬಾದಶಹ ಮಾತ್ರ ನಗದೆ ಬಿಲ್ಲನ್ನು ಇಟ್ಟುಕೊಂಡ. ಬರ ಕಳೆಯುವವರೆಗೂ ತಮೀಮರು ಮಾತು ತಪ್ಪಲಿಲ್ಲ. ಯಜಮಾನ ತೀರಿಕೊಂಡ ಮೇಲೆ ಅವನ ಮಗ ಹೋಗಿ ಬಿಲ್ಲನ್ನು ಬಿಡಿಸಿಕೊಂಡು ಬಂದ.

ನಾವು ಮನೆಯೊಳಗೂ ಕನ್ನಡವನ್ನೇ ಆಡುವ ಪಿಂಜಾರರು. ನಮ್ಮಲ್ಲೂ ಒಂದು ಬಿಲ್ಲಿತ್ತು. ಅಜ್ಜ ಮಸ್ತಾನಸಾಬರು ಹತ್ತಿ ಹಿಂಜುತ್ತಿದ್ದ, ನನ್ನಷ್ಟೇ ಎತ್ತರದ ಬಿಲ್ಲು. ಅಣ್ಣ ಅಕೀಬ್ ಮಷಿನ್ ತಂದ ಮೇಲೆ ಅದು ಅಂಗಡಿಯ ಗೋಡೆ ಏರಿತು. ಅಜ್ಜಿಯ ಹತ್ತಿರ ಕೂತು ಅದರಿಂದ ಹತ್ತಿ ಹಿಂಜಲು ಕಲಿತವಳು ನಾನೊಬ್ಬಳೇ.

ಹೋದ ಚಳಿಗಾಲದಲ್ಲಿ ಅತ್ತಿಗೆ ಸಾಯಿಮಾಗೆ ಹರಿಹರದ ತವರಿನಲ್ಲಿ ಗಂಡುಮಗು ಆಯಿತು. ನಮ್ಮ ಮನೆಯಲ್ಲಿ ಕೂಸಿಗೆ ಹೆಸರು ಕರೆಯುವ ಹಕ್ಕು ಸೋದರತ್ತೆಯದು, ಅಂದರೆ ನನ್ನದು. ಹುಟ್ಟಿದ ಕೂಸಿನ ಕಿವಿಗೆ ಬಿಲ್ಲಿನ ದಾರವನ್ನು ಒಮ್ಮೆ ಮಿಡಿದು ಕೇಳಿಸುವುದೂ ನಮ್ಮಲ್ಲಿ ಉಂಟು. ಹಾಗಾಗಿ ಮೂರನೆಯ ದಿನ ಬಿಲ್ಲನ್ನು ಹೊತ್ತು ಬಸ್ಸು ಹತ್ತಿದೆ. ಇದ್ಯಾವ ವಾದ್ಯ ಎಂದು ಕಂಡಕ್ಟರ್ ಕೇಳಿದ್ದಕ್ಕೆ, ಮಲಗಿಸುವ ವಾದ್ಯ ಎಂದೆ.

ಸಾಯಿಮಾಳ ತಂದೆ ಖಾಜಾ ಹುಸೇನ್ ಹಾರ್ಡ್‌ವೇರ್ ಅಂಗಡಿಯವರು, ಅಳೆದು ತೂಗಿ ಮಾತಾಡುವವರು. ಅವರ ಮನೆಯವರು ಮಗುವಿಗೆ ಅಯಾನ್ ಎಂದು ಆಗಲೇ ಕರೆಯತೊಡಗಿದ್ದರು. ಏಳನೆಯ ದಿನದ ಹೆಸರಿಡುವ ಶಾಸ್ತ್ರದಲ್ಲಿ ನಾನು ತಮೀಮ್ ಎಂದು ಕರೆಯುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ತಮೀಮ್ ಅಂದ್ರೆ ಅರಬರ ದೊರೆಗಳು ಇಟ್ಕೊಳ್ಳೋ ಹೆಸರು ಬೇಟಿ. ನಿಮ್ಮಣ್ಣನ ಕೈಗೆ ಒಂದು ಗಾದಿ ಕೊಟ್ಟು ಎರಡು ವರ್ಷ ಆತು. ಕೇಳಿದಾಗೆಲ್ಲ ನಾಳೆ ಅಂತಾನ. ಒಂದು ಗಾದಿ ಮಾತು ಉಳಿಸ್ಕೊಳ್ಳದ ಮನೆಗೆ ಅಷ್ಟು ದೊಡ್ಡ ಹೆಸರು ಯಾಕ?"

ಸುಳ್ಳಾಗಿದ್ದರೆ ಸಿಟ್ಟು ಬರುತ್ತಿತ್ತು. ನಿಜವಾದ್ದರಿಂದ ಮುಖ ಸುಟ್ಟಿತು. ತೀರಿಹೋದ ಅವರ ಹೆಂಡತಿ ಮದುವೆಯಲ್ಲಿ ತಂದಿದ್ದ ಗಾದಿ ಅದು. ಹತ್ತಿ ಕಲ್ಲಿನಂತೆ ಗಂಟುಕಟ್ಟಿತ್ತು. ಹಿಂಜಿ ಹೊಸದು ಮಾಡಿಕೊಡು, ಹುಟ್ಟುವ ಮೊಮ್ಮಗು ಅದರ ಮೇಲೆ ಮಲಗಲಿ ಎಂದು ಸಾಯಿಮಾಳ ಮದುವೆಯ ದಿನವೇ ಅಳಿಯನಿಗೆ ಒಪ್ಪಿಸಿದ್ದರು. ಅದು ನಮ್ಮ ಅಂಗಡಿಯ ಅಟ್ಟದ ಮೇಲಿತ್ತು. ಅಣ್ಣನಿಗೆ ಈಗ ಫೋಮ್ ಗಾದಿಯ ವ್ಯಾಪಾರವೇ ಮುಗಿಯುವುದಿಲ್ಲ.

ಆಮೇಲೆ ಮಾಡಿದ್ದು ನಾನೋ, ಅಜ್ಜಿಯ ಕಥೆಯೋ ಗೊತ್ತಿಲ್ಲ. ಬಿಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅವರ ಕಾಲ ಬಳಿ ಇಟ್ಟೆ.

"ಇದು ಅಡ ಮಾಮು. ಏಳನೇ ದಿನದೊಳಗೆ ಗಾದಿ ಆಗದಿದ್ರೆ ಬಿಲ್ಲು ನಿಮ್ದು, ಹೆಸರೂ ನಿಮ್ದೇ. ಅಲ್ಲೀವರೆಗೆ ಇದು ನಿಮ್ಮ ಹೊಸಲು ದಾಟಂಗಿಲ್ಲ."

ಒಳಗೆ ಹೆಂಗಸರು ಕಿಸಕ್ಕೆಂದರು. ಖಾಜಾ ಹುಸೇನ್ ಬಿಲ್ಲನ್ನು ತಿರುಗಿಸಿ ನೋಡಿ ಗೋಡೆಗೆ ಆನಿಸಿದರು.

ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನು ಪರ್ಷಿಯಾದ ದರ್ಬಾರಿನಿಂದ ಇಳಿದು ಬರುತ್ತಿದ್ದೆ. ದಾವಣಗೆರೆ ಹತ್ತಿರಾದ ಮೇಲೆ ತಲೆಗೆ ಹೊಳೆಯಿತು. ಹತ್ತಿ ಮಂಡಿಪೇಟೆಯಲ್ಲಿ, ಬಿಲ್ಲು ಹರಿಹರದಲ್ಲಿ. ಯಾವುದರಿಂದ ಹಿಂಜಲಿ?

ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಬಡಗಿ ತನ್ನ ಬಾಚಿಯನ್ನೇ ಅಡವಿಟ್ಟು ಬಂದ ಹಾಗಾಯಿತು ಎಂದ. ನಕ್ಕು ಮುಗಿದ ಮೇಲೆ, ಗಾದಿ ಮರೆತದ್ದು ತನ್ನದೇ ತಪ್ಪು ಎಂದು ಒಪ್ಪಿಕೊಂಡು, ಮಷಿನ್ನಿಗೆ ಹಾಕಿ ಒಂದು ಗಂಟೆಯಲ್ಲಿ ಕೊಡುತ್ತೇನೆ, ಯಾರಿಗೆ ತಿಳಿಯುತ್ತದೆ ಎಂದ. ಅಂಗಡಿಗೆ ಕರೆದೊಯ್ದು ಒಂದು ಹಿಡಿ ಹಾಕಿಯೂ ತೋರಿಸಿದ. ಮೂವತ್ತು ವರ್ಷದ ಹಳೆಯ ಎಳೆ ಹಲ್ಲಿಗೆ ಸಿಕ್ಕು ತುಂಡುತುಂಡಾಗಿ ಧೂಳಾಯಿತು. ಎಳೆಗೂಸಿನ ಮೂಗಿಗೆ ಆ ಧೂಳೇ? ಬೇರೆ ಬಿಲ್ಲಿಗಾಗಿ ಪಿಂಜಾರರ ನಾಲ್ಕು ಮನೆಗೆ ಫೋನು ಮಾಡಿದೆ. ಎರಡು ಮನೆಯವರು ಬಿಲ್ಲನ್ನು ಎಂದೋ ಒಲೆಗೆ ಹಾಕಿದ್ದರು, ಇನ್ನೆರಡು ಮನೆಯವರಿಗೆ ಎಲ್ಲಿಟ್ಟೆವೆಂದೇ ನೆನಪಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತ ಕೇಳಿದಳು. "ಬಿಲ್ಲು ಇಟ್ಟ ಮ್ಯಾಲೆ ಆ ತಮೀಮರ ಯಜಮಾನ ಏನು ಮಾಡ್ದ?"

"ಕುರಿ ಒಂಟೆ ಹೊಡ್ಕೊಂಡು ಬಾದಶಹನ ಸೀಮೆಗೆ ಹೋದ."

"ಮತ್ತೆ ನೀ ಯಾಕ ಇಲ್ಲಿ ಕುಂತೀಯ?"

ಹತ್ತಿಯನ್ನು ಎರಡು ಮೂಟೆ ಕಟ್ಟಿ, ಅಣ್ಣನ ಕೈಯಲ್ಲೇ ಬಸ್ಸಿಗೆ ಹೇರಿಸಿದೆ.

ಬಿಲ್ಲು ಹೊಸಲು ದಾಟದೆಂದು ನಾನೇ ಅಂದಿದ್ದೆ. ಅದಕ್ಕೆ ಹತ್ತಿಯೇ ಹೊಸಲು ದಾಟಿತು. ಖಾಜಾ ಹುಸೇನರ ಒಳ ಅಂಗಳದಲ್ಲಿ ಒಂದು ಬೇವಿನ ಮರವಿದೆ. ಅವರ ಅಪ್ಪಣೆ ಕೇಳಿ, ಕೊಂಬೆಗೆ ಹಗ್ಗ ಬಿಗಿದು ಬಿಲ್ಲನ್ನು ತೂಗುಹಾಕಿದೆ. ಮರದ ಕೊಡತಿಯಿಂದ ದಾರಕ್ಕೆ ಮೊದಲ ಪೆಟ್ಟು ಕೊಟ್ಟಾಗ ಟೊಂಯ್ ಎಂದ ಸದ್ದಿಗೆ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಗಸರು ಅಡುಗೆ ಬಿಟ್ಟು ಬಂದರು. ಪಕ್ಕದ ಮನೆಯ ಬಕ್ಕೇಶಪ್ಪನವರು ಕುರ್ಚಿಯನ್ನೇ ಹೊತ್ತು ತಂದು ಕೂತರು. ಈ ಸದ್ದು ಕೇಳಿ ಮೂವತ್ತು ವರ್ಷವಾಯಿತು, ಚಿಕ್ಕವರಿದ್ದಾಗ ಪಿಂಜಾರರು ಓಣಿಗೆ ಬಂದರೆ ಅಂದು ಸಾಲಿ ತಪ್ಪಿಸುತ್ತಿದ್ದೆವು ಎಂದು ಎಲ್ಲರಿಗೂ ಹೇಳಿದರು.

ಗಂಟುಗಟ್ಟಿದ ಹತ್ತಿ ದಾರದ ನಡುಕಕ್ಕೆ ಸಿಕ್ಕು ಬಿಡಿಬಿಡಿಯಾಗಿ ಎದ್ದು, ಅರಳಿ, ಮೆಲ್ಲಗೆ ಕೆಳಗಿಳಿಯುತ್ತಿತ್ತು. ನನ್ನ ರೆಪ್ಪೆಗಳೂ ಬೆಳ್ಳಗಾದವು. ಮೊದಲ ದಿನ ಖಾಜಾ ಹುಸೇನ್ ಪೇಪರಿನ ಹಿಂದೆಯೇ ಇದ್ದರು. ಎರಡನೆಯ ದಿನ ಪೇಪರು ಮಡಚಿದರು. ಅರಳಿದ ಹತ್ತಿಯನ್ನು ಒಂದು ಹಿಡಿ ಎತ್ತಿ ಕೆನ್ನೆಗೆ ಒತ್ತಿಕೊಂಡು, ಇದು ಸಾಯಿಮಾಳ ತಾಯಿಯ ತವರಿನ, ಭಾನುವಳ್ಳಿಯ ಹೊಲದ ಹತ್ತಿ, ಆಕೆಯ ಅಪ್ಪ ಮಗಳ ಮದುವೆಗೆಂದೇ ಬಿಡಿಸಿಟ್ಟದ್ದು ಎಂದು ಯಾರಿಗೋ ಎಂಬಂತೆ ಹೇಳಿದರು.

ಮಗು ಹುಟ್ಟಿದ ಆರನೆಯ ದಿನ ಮಧ್ಯಾಹ್ನ, ಇನ್ನು ಕಾಲುಭಾಗ ಹತ್ತಿ ಉಳಿದಿದ್ದಾಗ, ದಾರ ಹರಿಯಿತು. ಬಿಲ್ಲಿನ ತುದಿಗೆ ಸುತ್ತಿಟ್ಟ ದಾರ ಇನ್ನಷ್ಟಿತ್ತು. ಆದರೆ ಹೊಸದಾಗಿ ಬಿಗಿಯಲು ಒಬ್ಬರ ಕೈ ಸಾಲದು. ಒಬ್ಬರು ಬಿಲ್ಲನ್ನು ಅದುಮಿ ಹಿಡಿಯಬೇಕು, ಇನ್ನೊಬ್ಬರು ದಾರ ಜಗ್ಗಿ ಗಂಟು ಹಾಕಬೇಕು. ಬೊಬ್ಬೆ ಎದ್ದ ಅಂಗೈಯಿಂದ ಮೂರು ಸಲ ಜಗ್ಗಿದೆ, ಮೂರು ಸಲವೂ ಜಾರಿತು. ಯಾರನ್ನೂ ಕರೆಯಲು ಬಾಯಿ ಬರಲಿಲ್ಲ. ದಾರ ಹರಿದರೆ ಗೆಲ್ಲುವವರು ಯಾರೆಂದು ಅಂಗಳದಲ್ಲಿ ಕೂತವರಿಗೆಲ್ಲ ಗೊತ್ತಿತ್ತು.

ಖಾಜಾ ಹುಸೇನ್ ಎದ್ದರು. ಅಂಗಿಯ ತೋಳು ಮಡಚಿ, ನನ್ನೆದುರು ಮಂಡಿಯೂರಿ ಬಿಲ್ಲನ್ನು ಅದುಮಿ ಹಿಡಿದರು.

"ಕಟ್ಟು."

ನಾನು ದಾರ ಹಿಡಿದು ಅವರನ್ನೇ ನೋಡಿದೆ.

"ಯಾಕ ನೋಡ್ತೀ? ನನ್ನ ತಾವ ಅಡ ಇಟ್ಟ ವಸ್ತು ನನ್ನ ಮನೇಲಿ ಮುರಿದ್ರೆ, ಹೊಣೆ ನಂದಲ್ಲೇನು? ಕಟ್ಟು ಬೇಟಿ."

ಕಟ್ಟಿದೆ. ಸಂಜೆಗೆ ಹತ್ತಿ ಮುಗಿಯಿತು. ಹೊಸ ಬಟ್ಟೆಗೆ ತುಂಬಿ ಸಾಯಿಮಾ ಒಂದು ಬದಿಯಿಂದ, ನಾನು ಒಂದು ಬದಿಯಿಂದ ಹೊಲಿಗೆ ಹಾಕುತ್ತ ಬಂದು ನಡುವೆ ಸೇರಿದೆವು.

ಏಳನೆಯ ದಿನ ಅಜ್ಜಿ, ಅಣ್ಣ, ಮಸೀದಿಯ ಹಜರತ್ತರು, ಎರಡೂ ಕಡೆಯ ನೆಂಟರು ಎಲ್ಲರೂ ಸೇರಿದರು. ಗಾದಿಯ ಮೇಲೆ ಮಲಗಿಸಿದ ಮಗು ಕೈಕಾಲು ಚಾಚಿ ನಿದ್ದೆಹೋಯಿತು. ಖಾಜಾ ಹುಸೇನ್ ಒಳಗಿನಿಂದ ಬಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ನನ್ನ ಕೈಗೆ ಕೊಟ್ಟದ್ದನ್ನು ಎಲ್ಲರೂ ಕಾಣಲೆಂದು ಒಂದು ಗಳಿಗೆ ನಿಂತರು. ಹಜರತ್ತರು ದುವಾ ಮುಗಿಸಿ, ಹೆಸರೇನು ಎಂದು ಪದ್ಧತಿಯಂತೆ ಮನೆಯ ಹಿರಿಯರಾದ ಅವರನ್ನೇ ಕೇಳಿದರು.

"ನನ್ನ ಕೇಳಬ್ಯಾಡ್ರಿ," ಎಂದರು ಖಾಜಾ ಹುಸೇನ್. "ಅದನ್ನ ಕರಿಯೋಳು ಇಲ್ಲಿದಾಳ."

ನಾನು ಬಿಲ್ಲಿನ ದಾರವನ್ನು ಒಮ್ಮೆ ಮಿಡಿದು, ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಕರೆದೆ. ನನ್ನ ದನಿ ಸಣ್ಣದಾಯಿತೋ ಏನೋ, ಹಿಂದಿನ ಸಾಲಿನಲ್ಲಿ ಕೂತಿದ್ದ ಬಕ್ಕೇಶಪ್ಪನವರು ಕಿವಿಗೆ ಕೈ ಹಚ್ಚಿ ಏನಂದರು ಎಂದು ಕೇಳಿದರು. ಖಾಜಾ ಹುಸೇನ್ ತಿರುಗಿ, ತಮ್ಮ ಅಂಗಡಿಯಲ್ಲಿ ಕೂಡ ಎಂದೂ ಎತ್ತದಷ್ಟು ದೊಡ್ಡ ದನಿಯಲ್ಲಿ, ಅಂಗಳ ದಾಟಿ ಓಣಿಗೂ ಕೇಳುವಂತೆ ಹೇಳಿದರು:

"ತಮೀಮ್. ಮಂಡಿಪೇಟೆ ಪಿಂಜಾರರ ತಮೀಮ್."