ಕರ್ತೃವಿಲ್ಲದ ವಾಕ್ಯಗಳು

"'ಕೊಳವೆ ಸಿಡಿದು' ಅಂತ ಯಾರು ಬರೆದಿದ್ದು?" ಎಂದು ಇಸ್ತ್ರಿ ಸಾಹೇಬರು ಕಾಗದದಿಂದ ತಲೆಯೆತ್ತದೆಯೇ ಕೇಳಿದರು.

ಪತ್ರಿಕೆಗಳಿಗೆ ಹೋಗಬೇಕಾದ ಆ ಹೇಳಿಕೆಯನ್ನು ಬರೆದವಳು ಅವಳೇ. ಅವತ್ತು ಬೆಳಗ್ಗೆ ಏಳೂವರೆಗೆ ಕಂಪನಿಯ ಸಾಬೂನು ಕಾರ್ಖಾನೆಯ ಎರಡನೇ ಶೆಡ್ಡಿನಲ್ಲಿ ಸುಡುವ ಕಾಸ್ಟಿಕ್ ದ್ರಾವಣದ ಕೊಳವೆ ಸಿಡಿದು ಮೂವರು ಕೆಲಸಗಾರರ ಮುಖಕ್ಕೆ ರಾಚಿತ್ತು. ಆದದ್ದನ್ನು ಆದ ಹಾಗೆ ಬರೆದುಬಿಟ್ಟಿದ್ದಳು, ಅವಸರದಲ್ಲಿ. ಸಾಹೇಬರು ಪೆನ್ನಿನ ತುದಿಯಿಂದ ಆ ಎರಡು ಪದಗಳನ್ನು ಹೊಡೆದು ಹಾಕಿ ಮೇಲೆ 'ಅಲ್ಪ ಸೋರಿಕೆ ಕಂಡುಬಂದಿದ್ದು' ಎಂದು ಬರೆದರು. "ಎಂಟು ವರ್ಷ ಆಯ್ತು ನೀನು ಬಂದು. ಇನ್ನೂ ವರದಿಗಾರ್ತಿ ಚಾಳಿ ಹೋಗಿಲ್ಲ," ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಾದರೂ ಇದ್ದಿದ್ದರೆ ಅವಳಿಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು.

ಅವರಿಗೆ ಇಸ್ತ್ರಿ ಎಂಬ ಹೆಸರು ಬಿದ್ದದ್ದು ಬರೀ ಅಂಗಿಯ ಗೆರೆಯಿಂದಲ್ಲ. ಕಂಪನಿಯ ಮರ್ಯಾದೆ ಎಲ್ಲಿ ಮುದುಡಿದರೂ ಸುಕ್ಕು ಕಾಣದ ಹಾಗೆ ತೀಡಿಬಿಡುವವರು ಅವರು. ಅವರ ಹೇಳಿಕೆಗಳಲ್ಲಿ ಯಾರೂ ಏನೂ ಮಾಡುತ್ತಿರಲಿಲ್ಲ. ಎಲ್ಲವೂ ತಾನಾಗಿ ಕಂಡುಬರುತ್ತಿತ್ತು, ಗಮನಕ್ಕೆ ಬರುತ್ತಿತ್ತು, ಪರಿಶೀಲಿಸಲಾಗುತ್ತಿತ್ತು. ಅವಳು ಅದನ್ನು ಮೊದಲು ತಮಾಷೆಯಾಗಿ ನೋಡಿದಳು, ಆಮೇಲೆ ಕಲಿತಳು, ಆಮೇಲೆ ಅವರಿಗಿಂತ ಚೆನ್ನಾಗಿ ಬರೆಯತೊಡಗಿದಳು. ಸಂಪರ್ಕ ವಿಭಾಗಕ್ಕೆ ಸೇರಿದ ಹೊಸತರಲ್ಲಿ ಅವಳ ಕೆಲಸ ಪತ್ರಿಕೆಗಳಿಂದ ಕಂಪನಿಯ ಸುದ್ದಿ ಕತ್ತರಿಸಿ ಅಂಟಿಸುವುದು, ಪತ್ರಿಕಾಗೋಷ್ಠಿಯಲ್ಲಿ ಕುರ್ಚಿ ಹಾಕಿಸುವುದು. ಯಾವ ವರದಿಗಾರನಿಗೆ ಹೊಗಳಿಕೆ ಬೇಕು, ಯಾರಿಗೆ ಬೆದರಿಕೆ ಸಾಕು, ಯಾರ ಮಗಳ ಮದುವೆಗೆ ಹೂಗುಚ್ಛ ಹೋಗಬೇಕು ಎನ್ನುವುದೆಲ್ಲ ಕ್ರಮೇಣ ಬೆರಳ ತುದಿಗೆ ಬಂತು. ಈ ವರ್ಷ ಸಾಹೇಬರು ನಿರ್ದೇಶಕರಾಗಿ ಮೇಲಿನ ಮಹಡಿಗೆ ಹೋಗುವವರಿದ್ದರು. ಅವರ ಕೋಣೆ, ಎರಡು ಕಡೆ ಗಾಜಿರುವುದು, ಅವಳಿಗೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಮಾತಾಡಿಕೊಳ್ಳುವಾಗ ಮೂಗು ಮುರಿಯುತ್ತಿದ್ದರು ಕೂಡ.

ಹನ್ನೊಂದರ ಹೊತ್ತಿಗೆ ಅವಳ ಹಳೆಯ ಪತ್ರಿಕೆಯ ವರದಿಗಾರ ಫೋನ್ ಮಾಡಿದ. ಒಂದು ಕಾಲಕ್ಕೆ ಇಬ್ಬರೂ ಒಂದೇ ಮೇಜಿನಲ್ಲಿ ಎದುರುಬದುರು ಕೂತು ಕೆಲಸ ಮಾಡಿದವರು. ಈಗ ಅವನು ಅವಳನ್ನು 'ಮೇಡಂ' ಅನ್ನುತ್ತಿದ್ದ, ಬೈಗುಳದ ಹಾಗೆ. ಒಬ್ಬ ಕೆಲಸಗಾರನಿಗೆ ಕಣ್ಣು ಹೋಗಿದೆಯಂತೆ, ಹೌದೋ ಅಲ್ಲವೋ ಎಂದು ಕೇಳಿದ. ಅವಳು 'ಕಣ್ಣಿನ ಉರಿ' ಎಂದಳು, 'ಸೂಕ್ತ ಚಿಕಿತ್ಸೆ' ಎಂದಳು. ಅವನು ಕೊನೆತನಕ ಕೇಳಿಸಿಕೊಳ್ಳದೆ ಫೋನಿಟ್ಟ.

ಆ ಮೂವರನ್ನು ಸೇರಿಸಿದ್ದ ದೊಡ್ಡಾಸ್ಪತ್ರೆಯ ಕಣ್ಣಿನ ವಾರ್ಡಿನಲ್ಲೇ ಅವಳ ಅಕ್ಕ ನರ್ಸು. ತಾಯಿ ತೀರಿಕೊಂಡ ಮೇಲೆ ಅವಳನ್ನು ಓದಿಸಿದವಳು ಅಕ್ಕನೇ. ಮದುವೆ ಮುರಿದು ಅಕ್ಕ ವಾಪಸು ಬಂದಾಗಿನಿಂದ ಇಬ್ಬರದೂ ಒಂದೇ ಮನೆ. ಅವಳು ಮೆಟ್ಟಿಲ ಹತ್ತಿರ ಹೋಗಿ ನಿಂತು ಅಕ್ಕನಿಗೆ ಫೋನ್ ಮಾಡಿದಳು.

"ನೀನಾಗಿ ಕೇಳ್ತಿದ್ದೀಯೋ, ಆಫೀಸಿನವಳಾಗಿ ಕೇಳ್ತಿದ್ದೀಯೋ?" ಎಂದಳು ಅಕ್ಕ.

"ನಾನೇ ಕಣಕ್ಕ. ಬೆಳಗ್ಗೆಯಿಂದ ಅವರದೇ ಯೋಚನೆ."

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಕ್ಕ ದನಿ ತಗ್ಗಿಸಿ ಹೇಳಿದಳು. ಇಬ್ಬರು ಹುಷಾರಾಗುತ್ತಾರೆ. ಮೂರನೆಯವನ ಎಡಗಣ್ಣು ಹೋದ ಹಾಗೇ, ಬಲಗಣ್ಣಿನದು ಹೇಳಲಾಗದು. ಎರಡು ಗಂಟೆ ಹೊತ್ತು ನೀರು ಬಿಟ್ಟು ತೊಳೆದರೂ ತಡವಾಗಿತ್ತು. ಕಾಸ್ಟಿಕ್ ಬಿದ್ದ ಕ್ಷಣವೇ ತೊಳೆದಿದ್ದರೆ ಉಳಿಯುತ್ತಿತ್ತೇನೋ. ಆದರೆ ಶೆಡ್ಡಿನ ನಲ್ಲಿಯಲ್ಲಿ ನೀರೇ ಇರಲಿಲ್ಲವಂತೆ, ವಾರದಿಂದ. ಜೊತೆಯವರು ಕುಡಿಯುವ ಬಾಟಲಿಗಳನ್ನು ಅವನ ಮುಖಕ್ಕೆ ಸುರಿದು ಕರೆತಂದಿದ್ದರು. "ಹೆಂಡತಿ ಬಂದು ಕೂತಿದ್ದಾಳೆ. ಆಯಮ್ಮ ಅಳ್ತಾನೂ ಇಲ್ಲ. ನೋಡಕ್ಕಾಗಲ್ಲ," ಅಂದಳು ಅಕ್ಕ.

ಮೆಟ್ಟಿಲಿಂದ ಸಾಹೇಬರ ಕೋಣೆಗೆ ಹದಿನೈದು ಹೆಜ್ಜೆ. ಅಷ್ಟರೊಳಗೆ ಅವಳು ಏನನ್ನೂ ಯೋಚಿಸಲಿಲ್ಲ. ಯೋಚಿಸಿದೆ, ಸಂಕಟಪಟ್ಟೆ ಎಂದು ಆಮೇಲೆ ತನಗೆ ತಾನೇ ಎಷ್ಟು ಹೇಳಿಕೊಂಡರೂ, ನಿಜವಾಗಿ ಅವಳ ಮನಸ್ಸಿನಲ್ಲಿದ್ದದ್ದು ಈ ಸುದ್ದಿ ಬೇರೆ ಯಾರಿಗೂ ಸಿಕ್ಕಿಲ್ಲ ಎನ್ನುವುದೊಂದೇ. ಎಲ್ಲವನ್ನೂ ಹೇಳಿದಳು. ಸಾಹೇಬರು ಯಾರು ಹೇಳಿದರು ಎಂದು ಕೇಳಿದಾಗ, "ನಮ್ಮಕ್ಕ ಅಲ್ಲೇ ನರ್ಸು ಸಾರ್," ಎಂದಳು. ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. ಅವರು ಮೊದಲ ಸಲ ಅವಳಿಗೆ ಕೂತುಕೋ ಎಂದರು.

ಮಧ್ಯಾಹ್ನ ಮೂರಕ್ಕೆ ಶೆಡ್ಡಿನ ನಲ್ಲಿಯಲ್ಲಿ ನೀರು ಬರುತ್ತಿತ್ತು. ನಾಲ್ಕಕ್ಕೆ ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರು ಬಂದು ತಿರುಗಿಸಿ ನೋಡಿ, ಸರಿಯಿದೆ ಎಂದು ಬರೆದುಕೊಂಡು ಹೋದರು. ಮೂವರನ್ನೂ ಕಂಪನಿಯೇ ಒಳ್ಳೆಯ ಖಾಸಗಿ ಆಸ್ಪತ್ರೆಗೆ ಸಾಗಿಸುವುದೆಂದಾಯಿತು, ಇಬ್ಬರು ಹೋದರು. ಮೂರನೆಯವನ ಹೆಂಡತಿ ಮಾತ್ರ ಮಂಚದ ಕಂಬಿ ಹಿಡಿದುಕೊಂಡು, ಇಲ್ಲಿಂದ ಕದಲುವುದಿಲ್ಲ ಅಂದಳಂತೆ. ಮಾರನೆಯ ದಿನ ಪತ್ರಿಕೆಯಲ್ಲಿ ಆಕೆಯ ಮಾತು ಬಂತು: ನಲ್ಲಿಯಲ್ಲಿ ನೀರಿರಲಿಲ್ಲ. ಅದರ ಪಕ್ಕದಲ್ಲೇ ಧಾರಾಳವಾಗಿ ನೀರು ಸುರಿಯುವ ನಲ್ಲಿಯ ಚಿತ್ರ, ಇನ್‌ಸ್ಪೆಕ್ಟರರ ಮಾತು, ಕಂಪನಿಯ ಹೇಳಿಕೆ. ಓದಿದವರಿಗೆ ಪಾಪ, ದುಃಖದಲ್ಲಿ ಏನೋ ಅಂದಿದ್ದಾಳೆ ಅನ್ನಿಸುವ ಹಾಗಿತ್ತು. ಕಂಪನಿಯ ಆ ಹೇಳಿಕೆ ಅವಳು ಬರೆದದ್ದೇ; ಸಾಹೇಬರು ಒಂದಕ್ಷರ ತಿದ್ದಿರಲಿಲ್ಲ.

ಆದರೂ ವರದಿಯ ಕೊನೆಯ ಸಾಲಿನಲ್ಲಿ ಕಣ್ಣು ಹೋದ ಸಂಗತಿ 'ಆಸ್ಪತ್ರೆಯ ಮೂಲಗಳ ಪ್ರಕಾರ' ಎಂದು ಬಂದಿತ್ತು. ಎರಡು ದಿನ ಬಿಟ್ಟು ಅಕ್ಕನಿಗೆ ನೋಟೀಸು ಸಿಕ್ಕಿತು. ರೋಗಿಯ ಗುಟ್ಟನ್ನು ಪತ್ರಿಕೆಗೆ ಬಿಟ್ಟುಕೊಟ್ಟ ಆರೋಪ, ಮೂರು ದಿನದೊಳಗೆ ಉತ್ತರ. ಸುದ್ದಿ ಕೇಳಿ ಅವಳು ನೇರ ಸಾಹೇಬರಲ್ಲಿಗೆ ಹೋದಳು. ಅವರು ಮುಚ್ಚಿಡಲೂ ಇಲ್ಲ. ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ತಾವೇ ಒಂದು ಹೆಸರು ಹೇಳಿದ್ದಾಗಿ, ಇನ್ನು ಆ ವಾರ್ಡಿನಿಂದ ಯಾರು ಬಾಯಿ ಬಿಟ್ಟರೂ ಬೆಲೆಯಿರುವುದಿಲ್ಲವೆಂದು ಹೇಳಿದರು.

"ನಮ್ಮಕ್ಕ ಪತ್ರಿಕೆಯವರ ಜೊತೆ ಮಾತಾಡಿಲ್ಲ ಸಾರ್."

"ಗೊತ್ತು. ನಿನ್ನ ಜೊತೆ ಮಾತಾಡಿದ್ದಾಳೆ. ಅದನ್ನ ಹೇಳೋಣವಾ?"

ಒಂದನೇ ತಾರೀಕಿನಿಂದ ಈ ಕೋಣೆ ನಿನ್ನದು, ಪರದೆ ಯಾವ ಬಣ್ಣದ್ದು ಬೇಕೋ ಹೇಳು ಎಂದರು ಸಾಹೇಬರು. ಅವಳು ಬೂದಿ ಬಣ್ಣ ಎಂದಳು.

ಭಾನುವಾರ ಮಧ್ಯಾಹ್ನ ಅಕ್ಕ ನೋಟೀಸನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ಅವಳನ್ನು ಕರೆದಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಕ್ಕನಿಗೆ ಇದು ಮೊದಲ ನೋಟೀಸು. "ಬರೆಯೋದೇ ನಿನ್ನ ಕೆಲಸ. ನನಗೊಂದು ಬರೆದುಕೊಡು," ಅಂದಳು. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಇದೊಂದನ್ನಾದರೂ ಮಾಡಬಹುದು. ಒಂದು ಗಂಟೆ ಕೂತು ಬರೆದಳು. ಬಹಳ ಒಳ್ಳೆಯ ಕಾಗದ. ಯಾವ ನಿಯಮವೂ ಉಲ್ಲಂಘನೆಯಾಗಿರುವುದು ಕಂಡುಬಂದಿರುವುದಿಲ್ಲ. ಒಂದು ವೇಳೆ ಮಾಹಿತಿ ಹೊರಹೋಗಿದ್ದಲ್ಲಿ ಅದು ಉದ್ದೇಶಪೂರ್ವಕವಾಗಿರುವುದಿಲ್ಲ.

ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಇದರಲ್ಲಿ ನಾನೆಲ್ಲಿದ್ದೀನಿ?" ಎಂದು ಕೇಳಿದಳು.

"ಹೀಗೇ ಬರೀಬೇಕಕ್ಕ. ಯಾರೂ ಸಿಕ್ಕಿಹಾಕಿಕೊಳ್ಳಲ್ಲ."

"ನೀನೂ ಸಿಕ್ಕಿಹಾಕಿಕೊಳ್ಳಲ್ಲ."

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, ನನ್ನ ಹೆಸರು ನಿಮ್ಮ ಸಾಹೇಬರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಸೂಪರಿಂಟೆಂಡೆಂಟರ ಗುಮಾಸ್ತೆ ಹೇಳಿದಳಂತೆ, ಫೋನ್ ಬಂದದ್ದು ಸಾಬೂನು ಕಂಪನಿಯಿಂದ ಎಂದು. ಅವಳು, ತನಗೂ ಬೇರೆ ದಾರಿಯಿರಲಿಲ್ಲ, ಅಲ್ಲಿಯ ಒತ್ತಡ ನಿನಗೆ ಅರ್ಥವಾಗುವುದಿಲ್ಲ ಎಂದೇನೋ ಅಂದಳು.

"ಅವನಿಗೆ ಮೂವತ್ತೊಂದು ವರ್ಷ," ಎಂದಳು ಅಕ್ಕ. "ಬೆಳಕಾಯ್ತಾ ಅಂತ ಕೇಳ್ತಾನೆ, ದಿನಾ. ನೀರಿರಲಿಲ್ಲ ಅಂತ ನಾನು ನಿನಗೆ ಹೇಳಿದ್ದು ಹನ್ನೊಂದೂವರೆಗೆ. ಮೂರು ಗಂಟೆಗೆ ನೀರು ಬಂತು. ಅವನ ಹೆಂಡತಿ ಸುಳ್ಳುಗಾರ್ತಿ ಆದಳು. ಹೇಳು, ನೀರು ಬಿಟ್ಟಿದ್ದು ನಾನಾ, ನೀನಾ?"

ಆಮೇಲೆ ಅಕ್ಕ ಎದ್ದು ಡ್ಯೂಟಿಯ ನೋಟುಪುಸ್ತಕದಿಂದ ಒಂದು ಹಾಳೆ ಕಿತ್ತುಕೊಂಡು ಬಂದಳು. ತಂಗಿಯ ಎದುರಿಗೇ ಕೂತು, ದುಂಡಗಿನ ದಪ್ಪ ಅಕ್ಷರಗಳಲ್ಲಿ, ಪ್ರತಿ ಪದಕ್ಕೂ ನಿಂತು ನಿಂತು ಬರೆದಳು. ಮುಗಿದ ಮೇಲೆ ಹಾಳೆಯನ್ನು ತಿರುಗಿಸಿ ತಳ್ಳಿದಳು. ನನ್ನ ತಂಗಿ ಕೇಳಿದಳು. ತಂಗಿ ಎಂದು ನಂಬಿ ನಾನು ಹೇಳಿದೆ. ನಲ್ಲಿಯಲ್ಲಿ ನೀರಿಲ್ಲ ಎಂದೂ ಹೇಳಿದೆ. ಅವಳು ಕಂಪನಿಗೆ ಹೇಳಿದಳು. ನಾನು ಮಾಡಿದ್ದು ತಪ್ಪು. ಪತ್ರಿಕೆಯವರ ಹತ್ತಿರ ನಾನು ಮಾತಾಡಿಲ್ಲ.

"ಇದನ್ನ ಕೊಟ್ಟರೆ ನನ್ನ ಬಾಳು ಮುಗೀತು," ಎಂದಳು ಅವಳು.

"ಎಂಟು ವರ್ಷದ್ದು ತಾನೇ," ಎಂದಳು ಅಕ್ಕ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಅಂದಿನಿಂದ ಒಂದೇ ಒಲೆಯ ಮೇಲೆ ಇಬ್ಬರೂ ಬೇರೆ ಬೇರೆ ಬೇಯಿಸಿಕೊಂಡರು. ಬಚ್ಚಲು ಖಾಲಿಯಾಗಿದೆಯೇ ಎಂಬುದನ್ನೂ ಬಾಗಿಲ ಸದ್ದಿನಿಂದಲೇ ತಿಳಿದುಕೊಳ್ಳಬೇಕಾಯಿತು.

ಕಾಗದ ಸೂಪರಿಂಟೆಂಡೆಂಟರನ್ನು ತಲುಪಿ, ಅಲ್ಲಿಂದ ಅದರ ನಕಲು ಕಂಪನಿಗೂ ಬಂತು, ಹೇಗೋ ಪತ್ರಿಕೆಗೂ ಹೋಯಿತು. ಬುಧವಾರ ಹಳೆಯ ವರದಿಗಾರ ಫೋನ್ ಮಾಡಿದಾಗ 'ಮೇಡಂ' ಅನ್ನಲಿಲ್ಲ. ನಿನ್ನಕ್ಕನ ಕಾಗದ ನನ್ನ ಕೈಯಲ್ಲಿದೆ, ಏನಾದರೂ ಹೇಳುವುದಿದೆಯಾ ಎಂದಷ್ಟೇ ಕೇಳಿದ. ಈ ಸಲ ಅವಳೇ ಫೋನಿಟ್ಟಳು.

ಸಾಹೇಬರು ಅವಳನ್ನು ಕರೆದು ಬಾಗಿಲು ಹಾಕಿಸಿದರು. ಕಿಟಕಿಗೆ ಆಗಲೇ ಬೂದಿ ಬಣ್ಣದ ಪರದೆ ಬಂದಿತ್ತು. ಹನ್ನೆರಡರೊಳಗೆ ಕಂಪನಿಯ ಹೇಳಿಕೆ ಹೋಗಬೇಕು ಎಂದರು. ಏನು ಬರೆಯಬೇಕು ಎಂದು ಅವಳು ಕೇಳಿದಳು. ಒಬ್ಬ ಉದ್ಯೋಗಿ ತನ್ನಿಷ್ಟಕ್ಕೆ ತಾನೇ ಆಸ್ಪತ್ರೆಯಿಂದ ಮಾಹಿತಿ ತೆಗೆದಳು, ಕಂಪನಿಗೆ ಅದರ ಅರಿವಿರಲಿಲ್ಲ, ಅವಳನ್ನು ಕೆಲಸದಿಂದ ಬಿಡುಗಡೆಗೊಳಿಸಲಾಗಿದೆ ಎಂದು ಬರೆ ಎಂದರು.

"ನಾನೇ ಬರೀಬೇಕಾ?"

"ನಿನ್ನಷ್ಟು ಚೆನ್ನಾಗಿ ಇಲ್ಲಿ ಇನ್ಯಾರು ಬರೀತಾರೆ?" ಎಂದರು ಅವರು. ಅದು ಕುಹಕವೋ ಹೊಗಳಿಕೆಯೋ ತಿಳಿಯಲಿಲ್ಲ. ಅವಳು ತನ್ನ ಮೇಜಿಗೆ ಹೋಗಿ ಬರೆದಳು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು; ಎಲ್ಲೂ ಸುಕ್ಕಿರಲಿಲ್ಲ. ಗುರುತಿನ ಚೀಟಿಯನ್ನು ಸ್ವಾಗತಕಾರಿಣಿಯ ಮುಂದೆ ಇಟ್ಟಾಗ ಆಕೆ ಅದನ್ನು ಒಂದು ಪೆಟ್ಟಿಗೆಗೆ ಹಾಕಿಕೊಂಡು, ಹಿಂದೆ ನಿಂತವರು ಬನ್ನಿ ಎಂದಳು.

ಮನೆಗೆ ಹೋಗಲು ಮನಸ್ಸಾಗಲಿಲ್ಲ. ಕಾಲುಗಳು ತಾವಾಗಿ ದೊಡ್ಡಾಸ್ಪತ್ರೆಯ ಕಡೆ ನಡೆದವು. ವಿಚಾರಣೆ ಇನ್ನೂ ನಡೆಯುತ್ತಿದ್ದುದರಿಂದ ಅಕ್ಕನನ್ನು ಕೆಲಸದಿಂದ ತೆಗೆದಿರಲಿಲ್ಲ. ಕಣ್ಣಿನ ವಾರ್ಡಿನ ಬಾಗಿಲಲ್ಲಿ ಔಷಧಿಯ ತಟ್ಟೆ ಹಿಡಿದು ಬರುತ್ತಿದ್ದವಳು ತಂಗಿಯನ್ನು ನೋಡಿ ನಿಂತಳು. ಅವಳು "ಅಕ್ಕ" ಎಂದಳು, ಅಷ್ಟೇ.

"ಭೇಟಿಯ ಸಮಯ ನಾಲ್ಕರಿಂದ," ಎಂದಳು ಅಕ್ಕ. "ಹೊರಗೆ ಕೂತಿರಿ."

ಹುಟ್ಟಿದಾಗಿನಿಂದ ಅಕ್ಕ ಅವಳನ್ನು ಬಹುವಚನದಲ್ಲಿ ಕರೆದಿರಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಮೂರೂ ಕಾಲಾಗಿತ್ತು.

ಓಣಿಯ ಬೆಂಚಿನ ಮೇಲೆ ತಲೆಗೂದಲನ್ನು ಬಿಗಿಯಾಗಿ ಗಂಟು ಹಾಕಿದ್ದ ಒಬ್ಬ ಹೆಂಗಸು ಕೂತಿದ್ದಳು. ತನ್ನ ಚೀಲ, ನೀರಿನ ಬಾಟಲಿಯನ್ನು ಮಡಿಲಿಗೆ ಎಳೆದುಕೊಂಡು ಅವಳಿಗೆ ಜಾಗ ಮಾಡಿಕೊಟ್ಟಳು. ತಾನಾಗಿ ಮಾತು ತೆಗೆದಳು. ಗಂಡ ಸಾಬೂನು ಕಾರ್ಖಾನೆಯ ಕೆಲಸಗಾರ, ಒಂದು ಕಣ್ಣಿಗೆ ತುಸು ಬೆಳಕು ತಿಳಿಯುತ್ತಿದೆ ಎಂದು ಡಾಕ್ಟರು ಇವತ್ತು ಹೇಳಿದರು, ಈ ವಾರ್ಡಿನ ದೊಡ್ಡ ಸಿಸ್ಟರು ಬಹಳ ಒಳ್ಳೆಯವರು.

"ನಿಮ್ಮೋರು ಯಾರು ಒಳಗೆ?" ಎಂದು ಕೇಳಿದಳು.

"ಅಕ್ಕ," ಎಂದಳು ಅವಳು.

"ಹುಷಾರಾಗ್ತಾರೆ ಬಿಡಿ," ಎಂದು ಹೆಂಗಸು ಅವಳ ಮೊಣಕೈ ಮುಟ್ಟಿ, ಇನ್ನೂ ಸ್ವಲ್ಪ ಸರಿದು ಕೂತಳು. ಬಾಗಿಲ ಗಾಜಿನಾಚೆ ಅಕ್ಕ ಒಬ್ಬ ಗಂಡಸಿನ ಗಲ್ಲ ಎತ್ತಿ ಹಿಡಿದು, ಎರಡು ಬೆರಳಿನಿಂದ ಅವನ ಬಲಗಣ್ಣನ್ನು ಬಿಡಿಸಿ, ಹನಿ ಬೀಳುವುದನ್ನೇ ಕಾಯುತ್ತಿದ್ದಳು.