ಮಾರನ ಪೆಟ್ಟಿಗೆ

ಜೀಪಿನಿಂದ ಇಳಿಸುವಾಗ ಪೆಟ್ಟಿಗೆ ಡ್ರೈವರ್ ಸಿದ್ದಯ್ಯನ ಕೈಜಾರಿ ಧೊಪ್ಪೆಂದು ನೆಲಕ್ಕೆ ಬಿತ್ತು. ಗಂಡನ ಹೆಣದ ತಲೆದೆಸೆಯಲ್ಲಿ ಕೂತಿದ್ದ ಜವರಿ ಎದ್ದಳು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡುತ್ತಿರುವಾಗಲೇ ಹೋಗಿ, ಪೆಟ್ಟಿಗೆಯ ಮುಂದಿನ ಬಟ್ಟೆ ಎತ್ತಿ, ಒಳಗಿನ ದೊಡ್ಡ ಸ್ಪೀಕರಿನ ಕಾಗದ ಹರಿದಿದೆಯೇನೋ ಎಂದು ಬೆರಳಾಡಿಸಿ ನೋಡಿದಳು. ಹರಿದಿರಲಿಲ್ಲ. ಬಂದು ಮತ್ತೆ ಹೆಣದ ಪಕ್ಕ ಕೂತಳು.

"ಗಂಡ ಸತ್ತು ಮಲಗವ್ನೆ, ಇವ್ಳಿಗೆ ಪೆಟ್ಗೆ ಚಿಂತೆ," ಎಂದಳು ಮಾರನ ಅಕ್ಕ ಕೆಂಚಿ. ಹೇಳಿದ್ದು ಮೆಲ್ಲಗೆ, ಆದರೆ ಕೇಳಿಸಲಿ ಎಂದೇ ಹೇಳಿದ್ದು.

ಪೆಟ್ಟಿಗೆ ಮಾಡಿದವನು ಮಾರ. ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಹೆಸರು ಮಾತ್ರ ಹಂಪಾಪುರದ ಶಿವನಂಜಪ್ಪನವರದು. ಆಂಪ್ಲಿಫೈಯರು, ಕಹಳೆಯಂಥ ಎರಡು ಹಾರನ್ನು, ಮೈಕು, ಬ್ಯಾಟರಿ ಎಲ್ಲವೂ ಅವರದೇ ಆದ್ದರಿಂದ ಪೆಟ್ಟಿಗೆಯೂ ಅವರದೇ ಎಂದು ಯಾರೂ ಕೇಳದೆಯೇ ತೀರ್ಮಾನವಾಗಿತ್ತು. ಈ ಸಲ ಅವರು ತಾಲ್ಲೂಕು ಬೋರ್ಡಿಗೆ ನಿಂತಿದ್ದರು. ನಿನ್ನೆ ಸಂತೆಮಾಳದಲ್ಲಿ ಅವರ ಸಭೆಗೆಂದು ಹಾರನ್ನು ಕಟ್ಟಲು ಹುಣಸೆಮರ ಹತ್ತಿದ ಮಾರ, ಕೊಂಬೆಯ ಸಮೇತ ಕೆಳಗೆ ಬಂದಿದ್ದ. ಸಭೆಯನ್ನು ಮುಂದಕ್ಕೆ ಹಾಕಿದರು. ಸತ್ತವನ ಮೇಲಿನ ಗೌರವಕ್ಕೆ ಹಾಗೆ ಮಾಡಿದರು ಎಂದು ಊರಿನವರು ಮೆಚ್ಚಿಕೊಂಡರು. ನಿಜವೆಂದರೆ ಮೈಕುಸೆಟ್ಟು ನಡೆಸುವವರು ಬೇರೆ ಯಾರೂ ಇರಲಿಲ್ಲ.

ಕಾಡುಜನರ ಆ ಹಾಡಿಯ ಯಜಮಾನ ಜೋಗಯ್ಯ ಬಂದು ಜವರಿಯ ಎದುರು ಕುಕ್ಕರಗಾಲಲ್ಲಿ ಕೂತ. ಹಂಪಾಪುರದ ದೊಡ್ಡವರು ಮಣ್ಣಿಗೆ ಬರುತ್ತಾರಂತೆ, ಗುಂಡಿಯ ಹತ್ತಿರ ನಿಂತು ಎರಡು ಮಾತು ಆಡುತ್ತಾರಂತೆ, ಅದಕ್ಕೇ ಸೆಟ್ಟು ಕಳಿಸಿದ್ದಾರಂತೆ ಎಂದ. ಸುತ್ತಣ ಹಾಡಿಗಳವರನ್ನೆಲ್ಲ ಕರೆಯಲು ಅವರೇ ಆಳು ಕಳಿಸಿದ್ದನ್ನೂ ಹೇಳಿದ. ಕಾಡಂಚಿನ ಇಷ್ಟೂ ಹಾಡಿಗಳಿಗೆ ಓಟಿದೆ ಎಂಬುದು ಅವನಿಗೂ ಗೊತ್ತಿತ್ತು, ಅದನ್ನು ಮಾತ್ರ ಹೇಳಲಿಲ್ಲ.

ಜವರಿ ಪೆಟ್ಟಿಗೆಯ ಕಡೆ ನೋಡಿ, "ಮೈಕಲ್ಲಿ ಅವ್ನ ಎಸ್ರ ಒಂದ್ಸಲ ಯೋಳ್ಸಿ ಮಾವ. ಅಷ್ಟು ಸಾಕು," ಎಂದಳು.

ಅವಳು ಕೇಳಿದ್ದು ದೊಡ್ಡದೇನಲ್ಲ. ಆ ಮೈಕಿನಲ್ಲಿ ಯಾರ ಹೆಸರು ಬಂದಿಲ್ಲ? ಮದುವೆಗೆ ಮುಯ್ಯಿ ಮಾಡಿದವರದು, ನಾಟಕಕ್ಕೆ ಪೆಟ್ರೋಮ್ಯಾಕ್ಸ್ ಕೊಟ್ಟವರದು, ಸತ್ತ ಪಟೇಲರದು, ಎಲ್ಲರದೂ ಬಂದಿತ್ತು. ಒಮ್ಮೆ ಜಾತ್ರೆಮಾಳದಲ್ಲಿ ತಪ್ಪಿಸಿಕೊಂಡ ಎಮ್ಮೆಯೊಂದರ ಹೆಸರನ್ನೂ ಸಂಜೆಯವರೆಗೆ ಕೂಗಿದ್ದರು. ಅಷ್ಟೂ ದಿನ ಆಂಪ್ಲಿಫೈಯರಿನ ಹಿಂದೆ ಕೂತಿದ್ದವನ ಹೆಸರು ಮಾತ್ರ ಒಂದು ಸಲವೂ ಬಂದಿರಲಿಲ್ಲ.

*

ಮೊದಲು ಇದ್ದದ್ದು ಎರಡು ಹಾರನ್ನು ಅಷ್ಟೆ. ಹಾರನ್ನಿಗೆ ಗಂಟಲುಂಟು, ಹೊಟ್ಟೆಯಿಲ್ಲ ಎಂದು ಮಾರ ಹೇಳುತ್ತಿದ್ದ. ನಾಟಕದ ಹಾರ್ಮೋನಿಯಂ ಹೊಳೆಯಾಚೆಗೂ ಕೇಳಿಸುತ್ತಿತ್ತು, ಮೃದಂಗ ಮಾತ್ರ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳುತ್ತಿತ್ತು. ಶಿವನಂಜಪ್ಪನವರದು ಇನ್ನೂ ಕಷ್ಟ. ಆರಡಿ ಆಳು, ಗಿರಿಜಾಮೀಸೆ, ದನಿ ಮಾತ್ರ ಪೀಪಿಯದು. ಅವರು ಮೊದಲ ಸಲ ಚುನಾವಣೆಗೆ ನಿಂತಾಗ ಹುಡುಗರು ಸಭೆಯ ಹಿಂದೆ ನಿಂತು ಅವರ ಹಾಗೇ ಕೀರಲಾಗಿ 'ಬಂಧುಗಳೇ' ಎಂದು ಕೂಗಿ ಓಡುತ್ತಿದ್ದರು. ಆ ಸಲ ಅವರು ಸೋತರು.

ಪಿರಿಯಾಪಟ್ಟಣದಲ್ಲಿ ಮುಚ್ಚಿಹೋದ ಟೂರಿಂಗ್ ಟಾಕೀಸೊಂದರ ಪರದೆಯ ಹಿಂದಿನ ದೊಡ್ಡ ಸ್ಪೀಕರನ್ನು ಮಾರ ಕಾಡಿಬೇಡಿ ತಂದ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನಿಂದ ಕಳಚಿ ಎಸೆದಿದ್ದ ಹಲಗೆಗಳನ್ನು ಜೋಡಿಸಿ ಎದೆಮಟ್ಟದ ಪೆಟ್ಟಿಗೆ ಮಾಡಿದ. ಮೊದಲ ದಿನ ಅದು ಬಾವಿಯೊಳಗಿಂದ ಮಾತಾಡಿದ ಹಾಗೆ ಗೊಳಗೊಳ ಎಂದಿತು. ಒಳಗೆಲ್ಲ ಗೋಣಿಚೀಲ ಬಡಿದ. ಹುಣಸೂರಿನ ರೇಡಿಯೋ ರಿಪೇರಿಯವನಿಗೆ ಕಾಡಿನ ಜೇನು ಕೊಟ್ಟು, ಅವನ ಹತ್ತಿರ ಕೂತು ನೋಡಿ ಕಲಿತು, ಆಂಪ್ಲಿಫೈಯರಿಗೆ ಸದ್ದು ಏರಿಸಿ ಇಳಿಸುವ ಮೂರು ತಿರುಪು ಹಾಕಿಕೊಂಡ. ಒಂದು ಹೊಟ್ಟೆಯ ದಪ್ಪ ಸದ್ದಿಗೆ, ಒಂದು ಗಂಟಲಿನದಕ್ಕೆ, ಒಂದು ಮೂಗಿನ ಕೀರಲಿಗೆ. ಹೆಸರಿಟ್ಟವನು ಅವನೇ.

ಆದರೆ ಸದ್ದು ಸರಿಯಾಯಿತೇ ಎಂದು ತಿಳಿಯಬೇಕಾದರೆ ಜನರ ಮಧ್ಯೆ ಕೂತು ಕೇಳಬೇಕು. ಮಾರ ರಂಗದ ಹಿಂದಿನಿಂದ ಏಳುವ ಹಾಗಿರಲಿಲ್ಲ, ಎದ್ದರೂ ಹಾಡಿಯವನನ್ನು ಮುಂದೆ ಕೂರಿಸುವವರು ಇರಲಿಲ್ಲ. ಅದಕ್ಕೆ ಜವರಿ ಜನರ ಹಿಂದೆ, ಬೆಳಕಿರುವ ಕಡೆ ನೋಡಿಕೊಂಡು ನಿಲ್ಲುತ್ತಿದ್ದಳು. ಹೊಟ್ಟೆ ಮುಟ್ಟಿಕೊಂಡು ಕೈ ಮೇಲೆತ್ತಿದರೆ ಹೊಟ್ಟೆಯ ಸದ್ದು ಸಾಲದು ಎಂದು, ಮೂಗು ಮುಟ್ಟಿ ಕೈ ಇಳಿಸಿದರೆ ಮೂಗಿನದು ಹೆಚ್ಚಾಯಿತು ಎಂದು ಅರ್ಥ. ಪರದೆಯ ತೂತಿನಿಂದ ಅವಳ ಕೈ ನೋಡಿ ಮಾರ ತಿರುಪು ತಿರುಗಿಸುತ್ತಿದ್ದ. ಗಂಡಹೆಂಡಿರು ಮನೆಯಲ್ಲಿ ಎಂದೂ ಅಷ್ಟು ಚೆನ್ನಾಗಿ ಮಾತಾಡಿಕೊಂಡವರಲ್ಲ.

ಹೊಟ್ಟೆ ಪೂರ್ತಿ ಏರಿಸಿ, ಮೂಗು ಪೂರ್ತಿ ಇಳಿಸಿದರೆ ಶಿವನಂಜಪ್ಪನವರಿಗೆ ಗಂಡುದನಿ ಬರುತ್ತಿತ್ತು. ಮೊದಲ ಸಲ ಆ ದನಿಯನ್ನು ತಮ್ಮದೆಂದು ಕೇಳಿಸಿಕೊಂಡಾಗ ಅವರು ಭಾಷಣ ಮರೆತು ಒಂದು ಗಳಿಗೆ ನಿಂತುಬಿಟ್ಟಿದ್ದರು. ಆಮೇಲೆ ನಾಮಕರಣಕ್ಕೆ ಹೋದರೂ ಜೀಪಿನಲ್ಲಿ ಪೆಟ್ಟಿಗೆ ಇರಬೇಕು. ಈ ದನಿ ನಮ್ಮಪ್ಪನಿಂದ ಬಂದದ್ದು ಎಂದು ಹೇಳಿಕೊಳ್ಳುತ್ತಿದ್ದರು. ಮಾರ ಅದನ್ನು ಮನೆಯಲ್ಲಿ ಹೇಳಿ ಬಿದ್ದುಬಿದ್ದು ನಕ್ಕ. ಜವರಿಗೆ ನಗು ಬರಲಿಲ್ಲ. ಪೆಟ್ಟಿಗೆಯ ಮೂಲೆಯಲ್ಲಾದರೂ ನಿನ್ನ ಹೆಸರು ಬರೆಸಬಾರದೇ ಎಂದು ಕೇಳಿದಳು.

"ಎಸ್ರು ಕಟ್ಕಂಡು ಏನ್ ಮಾಡೀಯೆ," ಎಂದಿದ್ದ ಅವನು. "ಸದ್ದು ಚೆಂದಾಗೈತಲ್ಲ, ಸಾಕು ಬುಡು."

ಅವನಿಗೆ ಸಾಕಾಗಿತ್ತು. ಅವಳಿಗೆ ಎಂದೂ ಸಾಕಾಗಲಿಲ್ಲ.

*

ಬಿಸಿಲು ಇಳಿಯುವ ಹೊತ್ತಿಗೆ ಹೆಣವನ್ನು ಕಾಡಂಚಿಗೆ ಒಯ್ದು ಗುಂಡಿಗೆ ಇಳಿಸಿದರು. ಶಿವನಂಜಪ್ಪನವರು ಚೆಂಡುಹೂವಿನ ದಪ್ಪ ಹಾರ ತಂದಿದ್ದರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂಬ ಮಾತಿನ ಎರಡು ಅರ್ಧವೂ ಆ ಗುಂಡಿಯ ಅಂಚಿನಲ್ಲಿ ಒಟ್ಟಿಗೆ ನಿಂತಿದ್ದವು. ಹಾರ ಹಾಕಿದ ಮೇಲೆ ಅವರು ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡು, 'ಬಂಧುಗಳೇ' ಎಂದರು.

ಪೀಪಿ ಕೂಗಿತು. ಮಕ್ಕಳು ಕಿಸಕ್ಕೆಂದವು. ದೊಡ್ಡವರು ನೆಲ ನೋಡಿದರು. ಸಿದ್ದಯ್ಯ ಓಡಿಹೋಗಿ ಸಿಕ್ಕಿದ ತಿರುಪನ್ನೆಲ್ಲ ಸಿಕ್ಕಾಪಟ್ಟೆ ತಿರುಚಿದ, ಹಾರನ್ನು ಕುಯ್ಯೆಂದು ಕಿರುಚಿ ಮರದ ಹಕ್ಕಿಗಳೆಲ್ಲ ಎದ್ದವು. ಶಿವನಂಜಪ್ಪನವರ ಮುಖ ಕೆಂಪಾಯಿತು. ಮೈಕಿನಿಂದ ದೂರ ಬಂದು, ಈ ಮನುಷ್ಯ ಸಾಯುವ ಮುಂಚೆ ಒಬ್ಬರಿಗಾದರೂ ಹೇಳಿಕೊಡಬಾರದಿತ್ತೇ ಎಂದು ಸಿಡುಕಿದರು.

ಜೋಗಯ್ಯ ಸಮಯ ನೋಡಿ ಹತ್ತಿರ ಹೋದ. ಅವನ ಹೆಂಡತಿಗೆ ಗೊತ್ತಿದೆ ಬುದ್ಧಿ, ಅವಳು ಸರಿಮಾಡುತ್ತಾಳೆ, ತಾವು ಅವನ ಹೆಸರನ್ನು ಒಂದು ಸಲ ಮೈಕಿನಲ್ಲಿ ಹೇಳಿದರೆ ಅವಳಿಗೆ ಸಮಾಧಾನ ಎಂದು ಕೈಮುಗಿದ.

"ಅದ್ಕೇನಂತೆ, ಯೋಳ್ತೀನಿ," ಎಂದರು ಅವರು. "ಮೊದ್ಲು ಸರಿ ಮಾಡವ್ವ."

ಜವರಿಯ ಎಡಗೈಯಲ್ಲಿ ಹಿಡಿ ಮಣ್ಣಿತ್ತು. ಮೊದಲ ಮಣ್ಣು ಹೆಂಡತಿಯದು. ಅದನ್ನು ಹಿಡಿದುಕೊಂಡೇ ಅವಳು ಪೆಟ್ಟಿಗೆಯ ಹಿಂದಕ್ಕೆ ಹೋಗಿ, ಆಂಪ್ಲಿಫೈಯರಿನ ಮುಂದೆ ನೆಲಕ್ಕೆ ಕೂತಳು. ಕೂತರೆ ಪೆಟ್ಟಿಗೆಯೇ ಅಡ್ಡ, ಗುಂಡಿ ಕಾಣುವುದಿಲ್ಲ. ಮೂಗು ಇಳಿಸಿದಳು. ಹೊಟ್ಟೆ ಏರಿಸಿದಳು. ಸಿದ್ದಯ್ಯ ತಿರುಚಿದ್ದಕ್ಕೆ ಹೊಟ್ಟೆಯ ತಿರುಪು ಸಡಿಲವಾಗಿತ್ತು, ಬೆರಳು ಬಿಟ್ಟರೆ ಹಿಂದಕ್ಕೆ ಜಾರುತ್ತಿತ್ತು. ಬೆರಳು ಒತ್ತಿ ಹಿಡಿದಳು.

ಶಿವನಂಜಪ್ಪನವರು ಮತ್ತೆ 'ಬಂಧುಗಳೇ' ಎಂದರು. ಈಗ ಅದು ನೆಲದಿಂದ ಎದ್ದು ಬಂದ ದನಿ. ಜನ ಗುಂಡಿಯ ಕಡೆಯಿಂದ ಅವರ ಕಡೆಗೆ ತಿರುಗಿದರು. ನಮ್ಮ ಮನೆಯ ಆಳು, ನಂಬಿಕಸ್ತ, ಇಂಥವರು ಸಿಗುವುದಿಲ್ಲ ಎಂದು ಅವರು ಶುರುಮಾಡಿದರು. ಅಲ್ಲಿಂದ ಹಾಡಿಗೆ ಬಾವಿಯಿಲ್ಲದ್ದಕ್ಕೆ ಹೋದರು, ಬಾವಿಯಿಂದ ರಸ್ತೆಗೆ, ರಸ್ತೆಯಿಂದ ಎದುರಾಳಿಯ ಅನ್ಯಾಯಕ್ಕೆ, ಅಲ್ಲಿಂದ ತಮ್ಮ ಓಟಿನ ಗುರುತಿಗೆ. ಇವರು ಹೆಣದ ಮುಂದೆ ಓಟು ಕೇಳುತ್ತಿದ್ದಾರೆ ಎಂದು ಯಾರಿಗೂ ಅನ್ನಿಸದಷ್ಟು ಗಂಭೀರವಾಗಿತ್ತು ಆ ದನಿ. ಜವರಿ ಒಂದೊಂದು ಮಾತಿಗೂ ಕಿವಿಗೊಟ್ಟು ಕಾದಳು. 'ಆ ನಮ್ಮ ಹುಡುಗ' ಎಂದರು. 'ಪಾಪ, ಅವನು' ಎಂದರು. ಹೆಸರು ಬರಲಿಲ್ಲ.

ಹೊತ್ತು ಮುಳುಗುವ ಮುಂಚೆ ಗುಂಡಿ ಮುಚ್ಚಬೇಕು. ಕೆಂಚಿ ಪೆಟ್ಟಿಗೆಯ ಪಕ್ಕಕ್ಕೆ ಬಂದು ನಿಂತಳು.

"ಜವರಿ, ಬಾರೆ. ಮೊದ್ಲು ಮಣ್ಣು ನಿಂದು ಕಣೆ."

ಜವರಿ ತಲೆಯಲ್ಲಾಡಿಸಿದಳು. ಬೆರಳು ತೆಗೆದರೆ ದನಿ ಪೀಪಿಯಾಗುತ್ತದೆ. ಅದೇ ಗಳಿಗೆಯಲ್ಲಿ ಅವರ ಬಾಯಿಗೆ ಅವನ ಹೆಸರು ಬಂದರೆ ಅದೂ ಪೀಪಿಯಾಗಿ ಬರುತ್ತದೆ, ಮಕ್ಕಳು ನಗುತ್ತವೆ. ಅದೊಂದು ಹೆಸರಿಗೆ ಹೊಟ್ಟೆಯ ಸದ್ದು ಪೂರ್ತಿ ಇರಬೇಕು. "ಒಸಿ ತಡೀರಕ್ಕ," ಎಂದಳು, "ಈಗ ಯೋಳ್ತರೆ."

ಗುಂಡಿಯ ಹತ್ತಿರದವರು ಕಾಯಲಿಲ್ಲ. ಮೊದಲ ಹಿಡಿಯನ್ನು ಕೆಂಚಿಯೇ ಹಾಕಿದಳು. ಆಮೇಲೆ ಗುದ್ದಲಿಗಳ ಸದ್ದು ಬಂತು. ಮಣ್ಣು ಬೀಳುವುದು ಪೆಟ್ಟಿಗೆಯ ಆಚೆಯಿಂದ ಜವರಿಗೆ ಕೇಳುತ್ತಿತ್ತು, ಭಾಷಣ ಅದರ ಮೇಲೆ ಹರಿದುಹೋಗುತ್ತಿತ್ತು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಯೆರಡಕ್ಕೂ ಬಿಡುವಿರಲಿಲ್ಲ.

ಭಾಷಣ ಮುಗಿಯುತ್ತ ಬಂತು. ಜೋಗಯ್ಯ ಎದುರು ನಿಂತು ಕೈಮುಗಿದು ನೆನಪಿಸಿದ. ಶಿವನಂಜಪ್ಪನವರು ಆಗಲಿ ಎಂಬಂತೆ ತಲೆದೂಗಿ, ಬಾಯಿ ತೆರೆದು, ಅಲ್ಲಿಗೇ ನಿಂತರು. ಇಷ್ಟು ವರ್ಷ 'ಲೇ' ಎಂದರೆ ಓಡಿಬರುತ್ತಿದ್ದವನು, ಹೆಸರು ಬೇಕಾಗಿರಲಿಲ್ಲ. ಅಂಗೈಯಿಂದ ಮೈಕನ್ನು ಮುಚ್ಚಿಕೊಂಡು ಡ್ರೈವರನ ಕಡೆ ಬಗ್ಗಿದರು. ಅಂಗೈ ಏನನ್ನೂ ಮುಚ್ಚಲಿಲ್ಲ. ಜವರಿ ಒತ್ತಿಹಿಡಿದ ಹೊಟ್ಟೆಯ ಸದ್ದೆಲ್ಲ ತುಂಬಿಕೊಂಡು ಅವರ ಪಿಸುಮಾತು ಕಾಡಂಚಿನುದ್ದಕ್ಕೂ ಕೇಳಿಸಿತು.

"ಸಿದ್ದ, ಇವ್ನ ಎಸ್ರು ಏನ್ಲಾ?"

ಗುದ್ದಲಿಗಳು ನಿಂತವು. ಪೆಟ್ಟಿಗೆಯ ಹಿಂದೆ ಜವರಿ ತಿರುಪಿನ ಮೇಲಿನ ಬೆರಳು ತೆಗೆಯದೆ ಹಾಗೆಯೇ ಕೂತಿದ್ದಳು. ಎಡಗೈಯ ಮಣ್ಣು ಒಣಗಿ, ಬೆರಳ ಸಂದಿಯಿಂದ ಅವಳ ಮಡಿಲಿಗೆ ಉದುರುತ್ತಿತ್ತು.